ಪ್ರಯಾರಿಟಿ 90 ಕೊಟ್ಟರೂ ಇಂಟರಪ್ಟ್ ತಡವಾಗೋದು ಯಾಕೆ?

ಓದುಗರ ಪ್ರಶ್ನೆ: ರಿಯಲ್ ಟೈಮ್ ಲಿನಕ್ಸ್ ಕರ್ನಲ್‌ನಲ್ಲಿ ಒಂದು ಪಿಸಿಐ ಡೇಟಾ ಕಾರ್ಡಿಗೆ ಡ್ರೈವರ್ ಬರೆದಿದ್ದೇನೆ. ಹಳೆಯ ಬೋರ್ಡ್, ಹಾಗಾಗಿ ಯುಎಸ್‌ಬಿ ಕಂಟ್ರೋಲರ್ ಕೂಡ ಅದೇ ಇಂಟರಪ್ಟ್ ಲೈನ್‌ನಲ್ಲಿದೆ (ಡಿವೈಸ್ ಸಿಪಿಯುವನ್ನು ಕರೆಯುವ ತಂತಿ). ಕಾರ್ಡಿನ ಇಂಟರಪ್ಟ್ ನೋಡಿಕೊಳ್ಳುವ ಥ್ರೆಡ್‌ಗೆ ಪ್ರಯಾರಿಟಿ 90, ನನ್ನ ಅಪ್ಲಿಕೇಶನ್‌ಗೆ 80 ಕೊಟ್ಟಿದ್ದೇನೆ (ದೊಡ್ಡ ಸಂಖ್ಯೆಗೆ ಮೊದಲ ಸರದಿ). ಆದರೂ ಆಗಾಗ ಇಂಟರಪ್ಟ್ ತಡವಾಗುತ್ತದೆ. ತಪ್ಪು ಎಲ್ಲಿದೆ?

ನಿಮ್ಮ ಥ್ರೆಡ್ ತಡ ಮಾಡುತ್ತಿಲ್ಲ. ಆ ಹೊತ್ತಿಗೆ ಲೈನೇ ಮುಚ್ಚಿರುತ್ತದೆ. ಅದನ್ನು ತೆರೆಯಬೇಕಾದ ಯುಎಸ್‌ಬಿ ಥ್ರೆಡ್ ಪ್ರಯಾರಿಟಿ 50ರಲ್ಲಿ ಕಾಯುತ್ತಾ ಕೂತಿರುತ್ತದೆ.

ಮೊದಲು ಸಾಮಾನ್ಯ ಕರ್ನಲ್ ನೋಡೋಣ. ಹಳೆಯ ಪಿಸಿಐ ಲೈನ್ ಅಂದರೆ ಇಡೀ ವಠಾರಕ್ಕೆ ಒಂದೇ ಕಾಲಿಂಗ್ ಬೆಲ್ ಇದ್ದ ಹಾಗೆ. ಯಾರ ಮನೆಗೆ ಜನ ಬಂದರು ಅಂತ ಎಲ್ಲರೂ ಎದ್ದು ನೋಡಬೇಕು. ಕರ್ನಲ್ ಆ ಲೈನಿನ ಎಲ್ಲ ಹ್ಯಾಂಡ್ಲರ್‌ಗಳನ್ನೂ (ಇಂಟರಪ್ಟ್‌ಗೆ ಉತ್ತರಿಸುವ ಡ್ರೈವರ್ ಫಂಕ್ಷನ್‌ಗಳು) ಒಂದಾದ ಮೇಲೆ ಒಂದು ಕರೆಯುತ್ತದೆ. ಪ್ರತಿಯೊಂದೂ ತನ್ನ ಸ್ಟೇಟಸ್ ರಿಜಿಸ್ಟರ್ ಓದಿ, ನನ್ನದಾದರೆ 'ಐಆರ್‌ಕ್ಯೂ ಹ್ಯಾಂಡಲ್ಡ್', ಅಲ್ಲದಿದ್ದರೆ 'ಐಆರ್‌ಕ್ಯೂ ನನ್' ಅಂತ ಹೇಳಿ ಮುಗಿಸುತ್ತದೆ. ಇಲ್ಲಿ ಎಲ್ಲವೂ ಹಾರ್ಡ್ ಇಂಟರಪ್ಟ್‌ನಲ್ಲೇ, ಅಂದರೆ ಥ್ರೆಡ್‌ಗಳ ಸರದಿಗೆ ಕಾಯದೆ, ಚಕಚಕ ಮುಗಿಯುತ್ತದೆ.

ರಿಯಲ್ ಟೈಮ್ ಕರ್ನಲ್‌ನಲ್ಲಿ ಕಥೆ ಬೇರೆ. ವರ್ಷಗಟ್ಟಲೆ ಹೊರಗಿನ ಪ್ಯಾಚ್ ಆಗಿದ್ದ ಪ್ರೀಎಂಪ್ಟ್ ಆರ್‌ಟಿ, 2024ರ ನವೆಂಬರ್‌ನಲ್ಲಿ ಬಂದ 6.12ರಿಂದ ಮುಖ್ಯ ಕರ್ನಲ್‌ನಲ್ಲೇ ಸಿಗುತ್ತದೆ. ಅದು ಬಹುತೇಕ ಎಲ್ಲ ಹ್ಯಾಂಡ್ಲರ್‌ಗಳನ್ನೂ ಬಲವಂತವಾಗಿ ಥ್ರೆಡ್‌ಗೆ ತಳ್ಳುತ್ತದೆ. ಒಂದು ಲೈನ್‌ನಲ್ಲಿ ಇಬ್ಬರಿದ್ದರೆ ಎರಡು ಥ್ರೆಡ್, ಎರಡಕ್ಕೂ ಫಿಫೋ (ರಿಯಲ್ ಟೈಮ್ ಸರದಿ ಪದ್ಧತಿ) ಪ್ರಯಾರಿಟಿ 50. ಇಷ್ಟು ಎಲ್ಲರಿಗೂ ಗೊತ್ತು. ಜಾಸ್ತಿ ಜನ ಗಮನಿಸದ ವಿಷಯ ಇನ್ನೊಂದಿದೆ: ಹೀಗೆ ತಳ್ಳುವಾಗ ಕರ್ನಲ್ ತಾನೇ ಒನ್‌ಶಾಟ್ ಫ್ಲ್ಯಾಗ್ ಹಾಕುತ್ತದೆ. ಅಂದರೆ ಇಂಟರಪ್ಟ್ ಬಂದ ಕೂಡಲೇ ಲೈನ್ ಮಾಸ್ಕ್ ಆಗುತ್ತದೆ, ಮುಚ್ಚುತ್ತದೆ. ಎಬ್ಬಿಸಿದ ಥ್ರೆಡ್‌ಗಳೆಲ್ಲ ಮುಗಿದ ಮೇಲೆಯೇ ಮತ್ತೆ ತೆರೆಯುತ್ತದೆ. ಲೆವೆಲ್ ಟ್ರಿಗರ್ ಲೈನ್‌ಗೆ (ಡಿವೈಸ್ ಸುಮ್ಮನಾಗುವವರೆಗೂ ಸಂಕೇತ ಹಾಗೇ ಇರುವ ಲೈನ್) ಇದು ಬೇಕೇ ಬೇಕು. ಡಿವೈಸನ್ನು ಸುಮ್ಮನಾಗಿಸುವ ಮುಂಚೆ ಲೈನ್ ತೆರೆದರೆ ಅದೇ ಇಂಟರಪ್ಟ್ ಬಿಡದೆ ಬಡಿಯುತ್ತಲೇ ಇರುತ್ತದೆ.

ಈಗ ನಿಮ್ಮ ಸಿಸ್ಟಮ್‌ನಲ್ಲಿ ಆಗುವುದನ್ನು ಹಂತ ಹಂತವಾಗಿ ನೋಡಿ. ಮೂರೂ ಥ್ರೆಡ್ ಒಂದೇ ಸಿಪಿಯು ಮೇಲಿವೆ ಅಂದುಕೊಳ್ಳಿ. ಯುಎಸ್‌ಬಿಯಿಂದ ಇಂಟರಪ್ಟ್ ಬಂತು. ಲೈನ್ ಮುಚ್ಚಿತು, ಎರಡೂ ಥ್ರೆಡ್ ಎದ್ದವು. 90ರ ನಿಮ್ಮ ಥ್ರೆಡ್ ಮೊದಲು ಓಡಿ, ರಿಜಿಸ್ಟರ್ ನೋಡಿ, ನನ್ನದಲ್ಲ ಅಂತ ಮಲಗಿತು. ಆಮೇಲೆ 50ರ ಯುಎಸ್‌ಬಿ ಥ್ರೆಡ್ ಶುರುವಾಯಿತು. ಅರ್ಧದಲ್ಲೇ 80ರ ನಿಮ್ಮ ಅಪ್ಲಿಕೇಶನ್ ಎದ್ದು ಅದನ್ನು ಪಕ್ಕಕ್ಕೆ ತಳ್ಳಿತು. ಲೈನ್ ಇನ್ನೂ ಮುಚ್ಚೇ ಇದೆ. ಸರಿಯಾಗಿ ಆಗಲೇ ನಿಮ್ಮ ಕಾರ್ಡ್ ಇಂಟರಪ್ಟ್ ಎತ್ತಿತು. ಕೇಳುವವರು ಯಾರೂ ಇಲ್ಲ. ಅಪ್ಲಿಕೇಶನ್ ಮಲಗಬೇಕು, ಯುಎಸ್‌ಬಿ ಥ್ರೆಡ್ ಮುಗಿಯಬೇಕು, ಆಮೇಲಷ್ಟೇ ನಿಮ್ಮ ಸರದಿ. ಇದು ಅಪ್ಪಟ ಪ್ರಯಾರಿಟಿ ಇನ್ವರ್ಷನ್: ಮೇಲಿನವನು ಕೆಳಗಿನವನಿಗಾಗಿ ಕಾಯುವುದು. ಕಾಯುವುದು ಒಂದು ಲಾಕ್‌ಗಾಗಿ ಆಗಿದ್ದರೆ ಆರ್‌ಟಿ ಮ್ಯೂಟೆಕ್ಸ್ (ರಿಯಲ್ ಟೈಮ್ ಕರ್ನಲ್‌ನ ಲಾಕ್) ಯುಎಸ್‌ಬಿ ಥ್ರೆಡ್‌ನ ಪ್ರಯಾರಿಟಿಯನ್ನು ತಾತ್ಕಾಲಿಕವಾಗಿ ಏರಿಸಿ ಕಾಪಾಡುತ್ತಿತ್ತು. ಇಲ್ಲಿ ಲಾಕೇ ಇಲ್ಲ, ಹಾಗಾಗಿ ಆ ಸಹಾಯವೂ ಇಲ್ಲ.

ಅದಕ್ಕೇ ನಾನು ಮೊದಲು ಹೇಳುವ ಉಪಾಯ ವಿಚಿತ್ರ ಅನ್ನಿಸಬಹುದು: ನೆರೆಯವನ ಪ್ರಯಾರಿಟಿ ಏರಿಸಿ. ಆ ಲೈನಿನ ಎಲ್ಲ ಥ್ರೆಡ್‌ಗಳೂ ನಿಮ್ಮ ಅಪ್ಲಿಕೇಶನ್‌ಗಿಂತ ಮೇಲಿರಬೇಕು. ಆಗಲೂ ಯುಎಸ್‌ಬಿ ಹ್ಯಾಂಡ್ಲರ್ ಓಡುವಷ್ಟು ಹೊತ್ತು ಕಾಯಬೇಕಾಗುತ್ತದೆ. ಅದು ನಿಮ್ಮ ಲೆಕ್ಕಕ್ಕೆ ಜಾಸ್ತಿ ಆದರೆ ಲೈನ್ ಹಂಚಿಕೊಳ್ಳುವುದನ್ನೇ ಬಿಡಬೇಕು.

ಕಾರ್ಡಿಗೆ ಎಂಎಸ್‌ಐ (ಸಂದೇಶವಾಗಿ ಹೋಗುವ ಇಂಟರಪ್ಟ್) ಬಂದರೆ ಬೇರೆ ಯೋಚನೆಯೇ ಬೇಡ, ಅದನ್ನೇ ಬಳಸಿ. ಅಲ್ಲಿ ತಂತಿ ಇಲ್ಲ, ಮೆಮೊರಿಗೆ ಒಂದು ರೈಟ್ ಅಷ್ಟೇ. ಒಂದು ಡಿವೈಸಿಗೆ ಎಂಎಸ್‌ಐನಲ್ಲಿ 32, ಅದರ ವಿಸ್ತೃತ ರೂಪ ಎಂಎಸ್‌ಐ-ಎಕ್ಸ್‌ನಲ್ಲಿ 2048 ವೆಕ್ಟರ್‌ (ಪ್ರತ್ಯೇಕ ಇಂಟರಪ್ಟ್) ವರೆಗೆ ಅವಕಾಶವಿದೆ. ಬರದಿದ್ದರೆ ಕಾರ್ಡನ್ನು ಬೇರೆ ಸ್ಲಾಟ್‌ಗೆ ಹಾಕಿ ನೋಡಿ. ಯುಎಸ್‌ಬಿ ಬೇಡದ ಯಂತ್ರವಾದರೆ ಅದರ ಡ್ರೈವರ್ ಲೋಡ್ ಮಾಡದಿದ್ದರೂ ಆಯಿತು. ಲೈನ್‌ನಲ್ಲಿ ಯಾರ್ಯಾರಿದ್ದಾರೆ ಅಂತ 'ಪ್ರಾಕ್' ಅಡಿಯ 'ಇಂಟರಪ್ಟ್ಸ್' ಫೈಲ್‌ನಲ್ಲಿ ಕಾಣುತ್ತದೆ.

ಇನ್ನು ಕೆಲವರು ನೋ ಥ್ರೆಡ್ ಫ್ಲ್ಯಾಗ್ ಹಾಕಿ ತಮ್ಮ ಹ್ಯಾಂಡ್ಲರನ್ನು ಮತ್ತೆ ಹಾರ್ಡ್ ಇಂಟರಪ್ಟ್‌ಗೆ ತರಲು ನೋಡುತ್ತಾರೆ. ಶೇರ್ಡ್ ಲೈನ್‌ನಲ್ಲಿ ಇದು ಸುಲಭವಲ್ಲ. ನೆರೆಯವನಿಗೆ ಕರ್ನಲ್ ಒನ್‌ಶಾಟ್ ಹಾಕಿದೆ, ನಿಮಗಿಲ್ಲ. ಇಬ್ಬರ ಫ್ಲ್ಯಾಗ್ ಒಂದಕ್ಕೊಂದು ಹೊಂದದೆ ಹ್ಯಾಂಡ್ಲರ್ ರಿಜಿಸ್ಟ್ರೇಶನ್ ಇಬ್ಯುಸಿ ಎರರ್ ಕೊಟ್ಟು ನಿಲ್ಲುತ್ತದೆ. ಲೈನ್ ನಿಮ್ಮದೊಂದೇ ಆಗಿದ್ದು ಈ ಫ್ಲ್ಯಾಗ್ ಹಾಕಿದರೂ, ಒಳಗೆ ರಾ ಸ್ಪಿನ್‌ಲಾಕ್ (ನಿದ್ದೆ ಮಾಡದೆ ಸುತ್ತುತ್ತಾ ಕಾಯುವ ಲಾಕ್) ಮಾತ್ರ ಬಳಸಬೇಕು. ಮಾಮೂಲಿ ಸ್ಪಿನ್‌ಲಾಕ್ ಆರ್‌ಟಿಯಲ್ಲಿ ನಿದ್ದೆ ಮಾಡಬಲ್ಲದು, ಹಾರ್ಡ್ ಇಂಟರಪ್ಟ್‌ನಲ್ಲಿ ನಿದ್ದೆ ಸಲ್ಲದು.

ನಿಮ್ಮ ಹ್ಯಾಂಡ್ಲರ್ ಕಡೆಯೂ ಒಮ್ಮೆ ನೋಡಿ. ಸ್ಟೇಟಸ್ ಓದದೆ ಸುಮ್ನೆ 'ಹ್ಯಾಂಡಲ್ಡ್' ಅಂತ ಹೇಳಬೇಡಿ. 1,00,000 ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಜಾಸ್ತಿ ಅನಾಥವಾದರೆ ಕರ್ನಲ್ 'ನೋಬಡಿ ಕೇರ್ಡ್' ಅಂತ ಬರೆದು ಲೈನ್ ಮುಚ್ಚಿಬಿಡುತ್ತದೆ. ನಿಮ್ಮ ಸುಳ್ಳು ಆ ಎಚ್ಚರಿಕೆಯನ್ನೇ ಕುರುಡಾಗಿಸುತ್ತದೆ. ರಿಜಿಸ್ಟರ್‌ನಲ್ಲಿ ಎಲ್ಲ ಬಿಟ್‌ಗಳೂ 1 ಬಂದರೆ ಕಾರ್ಡ್ ಬಸ್‌ನಲ್ಲಿ ಇಲ್ಲದಿರಬಹುದು, ಅದನ್ನು ನಿಮ್ಮ ಇಂಟರಪ್ಟ್ ಅಂದುಕೊಳ್ಳಬೇಡಿ. ಸ್ಟೇಟಸ್ ಕ್ಲಿಯರ್ ಮಾಡಿದ ರೈಟ್ ದಾರಿಯಲ್ಲೇ ಬಫರ್ ಆಗಿರುತ್ತದೆ. ಒಮ್ಮೆ ಓದಿ ಅದನ್ನು ತಲುಪಿಸಿ, ಇಲ್ಲದಿದ್ದರೆ ಲೈನ್ ತೆರೆದ ಕ್ಷಣ ಹುಸಿ ಇಂಟರಪ್ಟ್ ಬರುತ್ತದೆ. ನಿಮ್ಮ ಡಿವೈಸ್ ನಿಲ್ಲಿಸಲು 'ಡಿಸೇಬಲ್ ಐಆರ್‌ಕ್ಯೂ' ಕರೆಯುವುದಂತೂ ಬೇಡವೇ ಬೇಡ, ಅದು ಯುಎಸ್‌ಬಿಯನ್ನೂ ಕಿವುಡು ಮಾಡುತ್ತದೆ. ಕಾರ್ಡಿನ ಒಳಗಿನ ಮಾಸ್ಕ್ ಬಿಟ್ ಇರುವುದು ಅದಕ್ಕೇ ಅಲ್ವಾ?

ಅಳೆಯುವಾಗ ಸೈಕ್ಲಿಕ್‌ಟೆಸ್ಟ್ (ತಡ ಅಳೆಯುವ ಟೂಲ್) ನಂಬಿ ಕೂರಬೇಡಿ. ಅದು ಟೈಮರ್‌ನಿಂದ ಏಳುತ್ತದೆ, ನಿಮ್ಮ ಲೈನನ್ನು ಮುಟ್ಟುವುದೇ ಇಲ್ಲ. ಕರ್ನಲ್ ಒಳಗಿನ ಘಟನೆಗಳನ್ನು ದಾಖಲಿಸುವ ಎಫ್‌ಟ್ರೇಸ್‌ನಲ್ಲಿ ಇಂಟರಪ್ಟ್ ಮತ್ತು ಶೆಡ್ಯೂಲರ್ ಸ್ವಿಚ್ ಘಟನೆಗಳನ್ನು ಒಟ್ಟಿಗೆ ಹಿಡಿಯಿರಿ. ತಡವಾದ ಪ್ರತಿ ಸಲವೂ ಅದಕ್ಕೆ ಸ್ವಲ್ಪ ಮುಂಚೆ ಯುಎಸ್‌ಬಿ ಥ್ರೆಡ್ ಅರ್ಧಕ್ಕೆ ನಿಂತು ಅಪ್ಲಿಕೇಶನ್ ಓಡುತ್ತಿದ್ದರೆ, ಕಾರಣ ಇದೇ.