ಒಂದೇ ಸಿಸಿ, ಬೇರೆ ಬೆಲೆ: ಅಸಲು ಮತ್ತು ತದ್ರೂಪಿ ಚೈನ್ ಸಾಗಳ ಶಕ್ತಿಯನ್ನು ಹೋಲಿಸುವ ಬಗೆ

ಜರ್ಮನಿಯ ಸ್ಟಿಲ್ ಕಂಪನಿಯ ಎಂಎಸ್ 660 ಚೈನ್ ಸಾ 91.6 ಸಿಸಿಯ ಯಂತ್ರ. ಬಿಡಿಭಾಗಗಳು ಅದಲುಬದಲಾಗಿ ಕೂರುವಷ್ಟು ಅದೇ ಅಳತೆಯಲ್ಲಿ ಚೀನಾದಲ್ಲಿ ತಯಾರಾಗುವ ಯಂತ್ರಗಳೂ ಇವೆ. ಹೋಲ್ಜ್‌ಫೋರ್ಮಾ ಜಿ660 ಅವುಗಳಲ್ಲಿ ಹೆಸರಾದದ್ದು. ಸ್ವೀಡನ್ನಿನ ಹಸ್ಕ್‌ವರ್ನಾ 372 ಎಕ್ಸ್‌ಪಿ ಯಂತ್ರಕ್ಕೂ ಹೀಗೆಯೇ ತದ್ರೂಪಿ ಉಂಟು. ಬೆಲೆಯಲ್ಲಿ ಅಜಗಜಾಂತರ. ಶಕ್ತಿಯಲ್ಲಿಯೂ ಅಷ್ಟೇ ಅಂತರವಿದೆಯೇ, ಇದ್ದರೆ ಅದು ಎಲ್ಲಿಂದ ಬರುತ್ತದೆ, ಗ್ಯಾರೇಜಿನಲ್ಲಿ ಕೈಯಿಂದಲೇ ಮಾಡಬಹುದಾದ ಸಣ್ಣ ಬದಲಾವಣೆಗಳಿಂದ ಎಷ್ಟನ್ನು ತುಂಬಿಕೊಳ್ಳಬಹುದು ಎಂಬುದು ಈ ಟಿಪ್ಪಣಿಯ ವಿಷಯ. ಎರಡು-ಸ್ಟ್ರೋಕ್ ಎಂಜಿನ್ನಿನ ಮೂಲ ಪಾಠ ಓದಿದವರಿಗೆ ಇದು ಅರ್ಥವಾಗುತ್ತದೆ.

ಮೊದಲೇ ಒಂದು ಗೆರೆ ಎಳೆದುಕೊಳ್ಳೋಣ. ತದ್ರೂಪಿ ಬೇರೆ, ಖೋಟಾ ಬೇರೆ. ತನ್ನದೇ ಹೆಸರಿನಲ್ಲಿ ಮಾರಾಟವಾಗುವ, ಹಳೆಯ ವಿನ್ಯಾಸವನ್ನು ಅನುಸರಿಸಿದ ಯಂತ್ರ ತದ್ರೂಪಿ. ಬೇರೆಯವರ ಹೆಸರಿನ ಚೀಟಿ ಅಂಟಿಸಿಕೊಂಡದ್ದು ಖೋಟಾ. ಖೋಟಾ ಮಾಲಿನ ವಿಷಯ ಇಲ್ಲಿ ಬರುವುದಿಲ್ಲ. ಅದನ್ನು ಕೊಳ್ಳಲೂ ಬಾರದು.

ಸಿಸಿಯನ್ನು ನಂಬುವ ಮೊದಲು ಅಳೆಯಿರಿ

ಎಂಎಸ್ 660ರ ಸಿಲಿಂಡರ್ ವ್ಯಾಸ 54 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 40 ಮಿ.ಮೀ. ವ್ಯಾಸದ ವರ್ಗವನ್ನು 0.7854ರಿಂದ ಗುಣಿಸಿ, ಸ್ಟ್ರೋಕಿನಿಂದ ಮತ್ತೆ ಗುಣಿಸಿ, ಸಾವಿರದಿಂದ ಭಾಗಿಸಿದರೆ 91.6 ಸಿಸಿ ಸಿಗುತ್ತದೆ. 372 ಎಕ್ಸ್‌ಪಿಯದು 50 ಮತ್ತು 36 ಮಿ.ಮೀ., ಅಂದರೆ 70.7 ಸಿಸಿ. ಈ ಲೆಕ್ಕ ಚಿಕ್ಕದಾದರೂ ಬಹಳ ಉಪಯೋಗಕ್ಕೆ ಬರುತ್ತದೆ. ನಮ್ಮ ಪೇಟೆಗಳಲ್ಲಿ '5800' ಎಂಬ ಸಂಖ್ಯೆಯೊಂದಿಗೆ ಸಿಗುವ ಅಗ್ಗದ ಯಂತ್ರಗಳನ್ನು ಎಲ್ಲರೂ 58 ಸಿಸಿ ಎಂದೇ ಕರೆಯುತ್ತಾರೆ. ಅವುಗಳಲ್ಲಿ ಹಲವದರ ವಿವರಪಟ್ಟಿ ತೆರೆದು ನೋಡಿದರೆ 54.5 ಸಿಸಿ ಎಂದಿರುತ್ತದೆ. ಅದು ಮಾದರಿಯ ಸಂಖ್ಯೆಯೇ ಹೊರತು ಅಳತೆಯಲ್ಲ. ಆದ್ದರಿಂದ ಹೋಲಿಕೆಗೆ ಇಳಿಯುವ ಮೊದಲು ಎರಡೂ ಯಂತ್ರಗಳ ವ್ಯಾಸ ಮತ್ತು ಸ್ಟ್ರೋಕನ್ನು ವರ್ನಿಯರ್ ಹಿಡಿದು ಅಳೆಯುವುದೇ ಸರಿ.

ಸಿಸಿ ಒಂದೇ ಇದ್ದ ಮಾತ್ರಕ್ಕೆ ಶಕ್ತಿ ಒಂದೇ ಇರಬೇಕಾಗಿಲ್ಲ. ಒಂದು ಲೀಟರ್ ಗಾತ್ರಕ್ಕೆ ಎಷ್ಟು ಕಿಲೋವ್ಯಾಟ್ ಎಂಬ ಲೆಕ್ಕ ಹಾಕಿ ನೋಡಿ. ಎಂಎಸ್ 660ರ ಘೋಷಿತ ಶಕ್ತಿ 5.2 ಕಿಲೋವ್ಯಾಟ್, ಲೀಟರಿಗೆ ಸುಮಾರು 57. 372 ಎಕ್ಸ್‌ಪಿಯದು 3.9 ಕಿಲೋವ್ಯಾಟ್, ಲೀಟರಿಗೆ 55. ಸ್ಟಿಲ್‌ನದೇ ಆದ, ಮನೆಬಳಕೆಗೆಂದು ಮಾಡಿದ ಎಂಎಸ್ 250 ಯಂತ್ರ 45.4 ಸಿಸಿಗೆ 2.3 ಕಿಲೋವ್ಯಾಟ್ ಕೊಡುತ್ತದೆ, ಲೀಟರಿಗೆ 51. ಪೆಟ್ಟಿಗೆಯ ಮೇಲೆ 52 ಸಿಸಿ, 2.2 ಕಿಲೋವ್ಯಾಟ್ ಎಂದು ಬರೆದಿದ್ದರೆ ಅದು ಲೀಟರಿಗೆ 42 ಮಾತ್ರ. ಎಂಜಿನ್ನಿನೊಳಗೆ ಅನಿಲ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು ಈ ಒಂದು ಸಂಖ್ಯೆ ಹೇಳಿಬಿಡುತ್ತದೆ. ತದ್ರೂಪಿಯೊಂದರ ಶಕ್ತಿಯನ್ನು ಅಂದಾಜು ಮಾಡುವಾಗ ನಾನು ಮೊದಲು ನೋಡುವುದು ಇದನ್ನೇ. ಹೆಸರಾಂತ ಕಂಪನಿಗಳು ಶಕ್ತಿಯನ್ನು ಐಎಸ್‌ಒ 7293 ಎಂಬ ಪರೀಕ್ಷಾ ಕ್ರಮದಂತೆ ಅಳೆದು ಘೋಷಿಸುತ್ತವೆ. ಯಾವ ಕ್ರಮದಲ್ಲಿ ಅಳೆದದ್ದು ಎಂದು ಹೇಳದ ಕಿಲೋವ್ಯಾಟನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಬಾರದು.

ಶಕ್ತಿ ಸರಪಳಿಗೆ ತಲುಪುವ ಹೊತ್ತಿಗೆ

ಶಕ್ತಿ ಎಂದರೆ ತಿರುಚುಬಲ ಮತ್ತು ವೇಗದ ಗುಣಲಬ್ಧ. ನಿಮಿಷಕ್ಕೆ 9500 ಸುತ್ತಿನಲ್ಲಿ 5.2 ಕಿಲೋವ್ಯಾಟ್ ಸಿಗುವುದಾದರೆ ತಿರುಚುಬಲ ಸುಮಾರು 5.2 ನ್ಯೂಟನ್-ಮೀಟರ್. ಮೂರು-ಎಂಟನೆಯ ಇಂಚಿನ ಪಿಚ್‌ನ (ರಿವೆಟ್ಟಿನಿಂದ ರಿವೆಟ್ಟಿಗಿರುವ ಸರಾಸರಿ ಅಂತರ) ಸರಪಳಿಗೆ ಏಳು ಹಲ್ಲಿನ ಸ್ಪ್ರಾಕೆಟ್ (ಸರಪಳಿಯನ್ನು ಓಡಿಸುವ ಹಲ್ಲುಚಕ್ರ) ಹಾಕಿದಾಗ, ಪ್ರತಿ ಹಲ್ಲಿಗೆ ಎರಡು ಪಿಚ್‌ನಂತೆ, ಒಂದು ಸುತ್ತಿಗೆ ಸರಪಳಿ 133 ಮಿ.ಮೀ. ಮುಂದೆ ಸಾಗುತ್ತದೆ. 9500 ಸುತ್ತಿಗೆ ಇದು ಸೆಕೆಂಡಿಗೆ 21 ಮೀಟರ್. ಶಕ್ತಿಯನ್ನು ಈ ವೇಗದಿಂದ ಭಾಗಿಸಿದರೆ ಸರಪಳಿ ಮರವನ್ನು ಎಳೆಯುವ ಬಲ ಸುಮಾರು 246 ನ್ಯೂಟನ್, ಅಂದರೆ 25 ಕಿಲೋ ತೂಕದಷ್ಟು. ಸ್ಪ್ರಾಕೆಟ್ಟನ್ನು ಎಂಟು ಹಲ್ಲಿಗೆ ಬದಲಿಸಿದರೆ ವೇಗ 24 ಮೀಟರಿಗೆ ಏರುತ್ತದೆ, ಬಲ 216 ನ್ಯೂಟನ್ನಿಗೆ ಇಳಿಯುತ್ತದೆ. ಶಕ್ತಿ ಮಾತ್ರ ಅಷ್ಟೇ ಇರುತ್ತದೆ. ಸ್ಪ್ರಾಕೆಟ್ ಬದಲಿಸಿ 'ಶಕ್ತಿ ಹೆಚ್ಚಾಯಿತು' ಎನ್ನುವವರಿಗೆ ಈ ಲೆಕ್ಕವನ್ನು ತೋರಿಸಬೇಕು.

ಅಂತರ ಎಲ್ಲಿ ಅಡಗಿದೆ

ವ್ಯಾಸ, ಸ್ಟ್ರೋಕ್, ಪೋರ್ಟ್‌ಗಳ ಜಾಗ ಎಲ್ಲವೂ ಒಂದೇ ಆಗಿದ್ದಾಗ ಶಕ್ತಿಯ ವ್ಯತ್ಯಾಸ ಕೆಲವೇ ಜಾಗಗಳಿಂದ ಬರಲು ಸಾಧ್ಯ. ಟ್ರಾನ್ಸ್‌ಫರ್ ಪೋರ್ಟ್‌ಗಳ (ಗಾಳಿ-ಪೆಟ್ರೋಲ್ ಮಿಶ್ರಣ ಸಿಲಿಂಡರಿಗೆ ಏರುವ ದಾರಿಗಳ) ಒಳಗೆ ಎರಕದ ಅಂಚುಗಳು ಹಾಗೆಯೇ ಉಳಿದು ಹರಿವಿಗೆ ಅಡ್ಡಿಯಾಗಬಹುದು. ಸಿಲಿಂಡರ್ ತಲೆಗೂ ಪಿಸ್ಟನ್ನಿಗೂ ನಡುವಿನ ಸಂದು ಹೆಚ್ಚಿದ್ದು ಒತ್ತಡ ಕಡಿಮೆಯಾಗಿರಬಹುದು. ಸೈಲೆನ್ಸರ್ ಬಿಗಿಯಾಗಿರಬಹುದು. ಕಿಡಿಯ ಸಮಯ ಒಂದೆರಡು ಡಿಗ್ರಿ ತಡವಾಗಿರಬಹುದು. ಕಾರ್ಬ್ಯುರೇಟರ್ ಸರಿಯಾಗಿ ಹೊಂದಿಸಿರದೆ ಇರಬಹುದು. ಪಿಸ್ಟನ್ ರಿಂಗ್ ಇನ್ನೂ ಕೂತಿರದೆ ಇರಬಹುದು. ಹೊಸ ತದ್ರೂಪಿಯನ್ನು ಪೆಟ್ಟಿಗೆಯಿಂದ ತೆಗೆದ ದಿನವೇ ಪರೀಕ್ಷೆಗೆ ಒಡ್ಡುವುದು ಅದಕ್ಕೆ ಮಾಡುವ ಅನ್ಯಾಯ.

ಇಲ್ಲಿ ತದ್ರೂಪಿಗಿರುವ ಒಂದು ಗುಣ ಕಲಿಯುವವರಿಗೆ ವರದಾನ. ಬಿಡಿಭಾಗಗಳು ಪರಸ್ಪರ ಕೂರುವುದರಿಂದ ಅಸಲು ಯಂತ್ರದ ಸೈಲೆನ್ಸರನ್ನು ತದ್ರೂಪಿಗೆ ಹಾಕಿ ಕೊಯ್ದು ನೋಡಬಹುದು. ಅದನ್ನು ತೆಗೆದು ಅಸಲಿನ ಕಾರ್ಬ್ಯುರೇಟರ್ ಹಾಕಿ ಮತ್ತೆ ಕೊಯ್ಯಬಹುದು. ಒಮ್ಮೆಗೆ ಒಂದೇ ಭಾಗ. ಯಾವ ಭಾಗ ಬದಲಿಸಿದಾಗ ಅಂತರ ಮುಚ್ಚುತ್ತದೆಯೋ ಅಲ್ಲಿಯೇ ನಷ್ಟವಿತ್ತು ಎಂದು ತಿಳಿಯುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಡೈನಮೋಮೀಟರ್ (ಎಂಜಿನ್ನಿನ ಶಕ್ತಿ ಅಳೆಯುವ ಸಾಧನ) ಇಲ್ಲದವರಿಗೂ ಇಷ್ಟು ಶುದ್ಧವಾದ ಪ್ರಯೋಗ ಕೈಗೆಟುಕುವುದು ಸಣ್ಣ ಸಂಗತಿಯಲ್ಲ.

ಸೈಲೆನ್ಸರ್

ಸರಳ ಬದಲಾವಣೆಗಳಲ್ಲಿ ಮೊದಲನೆಯದು ಇದೇ. ಶಬ್ದ ಮತ್ತು ಹೊಗೆಯ ನಿಯಮಗಳಿಗಾಗಿ ಕಾರ್ಖಾನೆಗಳು ಸೈಲೆನ್ಸರಿನ ಹೊರದಾರಿಯನ್ನು ಕಿರಿದು ಮಾಡಿರುತ್ತವೆ. ಅಸಲು ಯಂತ್ರವೂ ಇದಕ್ಕೆ ಹೊರತಲ್ಲ. ಎಂಎಸ್ 660ರ ಸೈಲೆನ್ಸರಿಗೆ ಒಂದು ಕಿಂಡಿಯ ಮುಚ್ಚಳವೂ ಇತ್ತು, ಎರಡು ಕಿಂಡಿಯದೂ ಇತ್ತು. ಹೊರದಾರಿಯ ಒಟ್ಟು ಕ್ಷೇತ್ರಫಲ ಸಿಲಿಂಡರಿನಿಂದ ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟಿನ ಕ್ಷೇತ್ರಫಲದ ಮುಕ್ಕಾಲು ಭಾಗದಷ್ಟಿರಬೇಕು ಎಂಬುದು ಈ ಕೆಲಸ ಮಾಡುವವರಲ್ಲಿ ರೂಢಿಯಲ್ಲಿರುವ ಲೆಕ್ಕ. ಪೋರ್ಟಿನ ಅಳತೆ 32 ಮತ್ತು 14 ಮಿ.ಮೀ. ಎಂದು ಇಟ್ಟುಕೊಳ್ಳೋಣ, ಕ್ಷೇತ್ರಫಲ 448 ಚದರ ಮಿ.ಮೀ. ಅದರ ಮುಕ್ಕಾಲು ಭಾಗ 336. ಈಗಿರುವ ಕಿಂಡಿಯ ವ್ಯಾಸ 14 ಮಿ.ಮೀ. ಆದರೆ ಅದು ಕೊಡುವುದು 154 ಮಾತ್ರ. ಉಳಿದ 182ಕ್ಕೆ ಸುಮಾರು 15 ಮಿ.ಮೀ. ವ್ಯಾಸದ ಇನ್ನೊಂದು ಕಿಂಡಿ ಬೇಕು. ಇದಕ್ಕಿಂತ ದೊಡ್ಡದು ಮಾಡಿದರೆ ಶಬ್ದ ಏರುತ್ತದೆಯೇ ಹೊರತು ಶಕ್ತಿ ಅಷ್ಟಾಗಿ ಏರುವುದಿಲ್ಲ.

ಲೋಹದ ಪುಡಿ ಎಂಜಿನ್ನಿನೊಳಗೆ ಹೋಗದಂತೆ ಸೈಲೆನ್ಸರನ್ನು ಕಳಚಿಯೇ ಕೊರೆಯಬೇಕು. ಕಿಡಿ ತಡೆಯುವ ಜಾಲರಿಯನ್ನು ಹೊಸ ಕಿಂಡಿಗೂ ಹಾಕಬೇಕು. ಮಲೆನಾಡು, ಕೊಡಗಿನ ತೋಟಗಳಲ್ಲಿ ಸಿಲ್ವರ್ ಓಕ್ ಕೊಯ್ಯುವ ಕೆಲಸ ನಡೆಯುವಾಗ ನೆಲದ ತುಂಬ ತರಗೆಲೆ. ಒಂದು ಕಿಡಿ ಸಾಕು. ಜಾಲರಿಯಿಂದ ನಷ್ಟವಾಗುವ ಶಕ್ತಿ ಬಹಳ ಅಲ್ಪ, ಅದು ಕಪ್ಪುಗಟ್ಟದಂತೆ ಆಗಾಗ ತೊಳೆದುಕೊಂಡರಾಯಿತು.

ಸೈಲೆನ್ಸರ್ ತೆರೆದ ಮೇಲೆ ಕಾರ್ಬ್ಯುರೇಟರನ್ನು ಮರುಹೊಂದಿಸದೆ ಯಂತ್ರ ಓಡಿಸಲೇಬಾರದು. ಹರಿವು ಸರಾಗವಾದಾಗ ಹೆಚ್ಚು ಗಾಳಿ ಒಳಗೆ ಬರುತ್ತದೆ, ಪೆಟ್ರೋಲಿನ ಪಾಲು ಸಾಲದಾಗುತ್ತದೆ. ಎರಡು-ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಬರುವುದೂ ಆ ಪೆಟ್ರೋಲಿನ ಜೊತೆಗೇ. ಹಾಗಾಗಿ ಬಿಸಿ ಏರುತ್ತದೆ, ಆಯಿಲ್ ಕಡಿಮೆಯಾಗುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಾರ್ಬ್ಯುರೇಟರಿನಲ್ಲಿ ಹೆಚ್ಚಿನ ವೇಗದ ಪೆಟ್ರೋಲನ್ನು ಹೊಂದಿಸುವ 'ಎಚ್' ಸ್ಕ್ರೂವನ್ನು ಎಡಕ್ಕೆ ತಿರುಗಿಸಿ ಪೆಟ್ರೋಲನ್ನು ಹೆಚ್ಚಿಸಬೇಕು. ಸರಿಯಾದ ಜಾಗವನ್ನು ಕಿವಿಯೇ ಹೇಳುತ್ತದೆ: ಭಾರವಿಲ್ಲದೆ ಪೂರ್ತಿ ಥ್ರಾಟಲ್ ಕೊಟ್ಟಾಗ ಶಬ್ದ ತುಸು ಒಡೆದಂತೆ, ಗುರುಗುಟ್ಟಿದಂತೆ ಇರಬೇಕು, ಮರಕ್ಕೆ ಇಳಿಸಿದ ಕೂಡಲೇ ಅದು ಒಂದೇ ಸಮನಾದ ಶಬ್ದವಾಗಬೇಕು. ಪೆಟ್ರೋಲ್ ಹೆಚ್ಚಾದಾಗ ಕೆಲವು ಸುತ್ತುಗಳಲ್ಲಿ ದಹನ ತಪ್ಪುವುದರಿಂದ ಆ ಗುರುಗುಟ್ಟುವಿಕೆ. ಭಾರವಿಲ್ಲದೆಯೂ ಶಬ್ದ ಕೀರಲಾಗಿ ಸ್ವಚ್ಛವಾಗಿದ್ದರೆ ಎಂಜಿನ್ ಸುಡುವ ದಾರಿಯಲ್ಲಿದೆ. ಸುತ್ತು ಎಣಿಸುವ ಟ್ಯಾಕೋಮೀಟರ್ ಇದ್ದರೆ ಕಂಪನಿ ಹೇಳಿದ ಗರಿಷ್ಠ ಸುತ್ತನ್ನು ದಾಟದಂತೆ ನೋಡಿಕೊಳ್ಳಬಹುದು.

ಗ್ಯಾಸ್ಕೆಟ್ ಮತ್ತು ಕಿಡಿಯ ಸಮಯ

ಪ್ಲಗ್ ತೂತಿನ ಮೂಲಕ ಬೆಸುಗೆ ಹಾಕುವ ಸೀಸದ ತಂತಿಯನ್ನು ಸಿಲಿಂಡರಿನ ಗೋಡೆಗೆ ತಾಗುವಂತೆ ಇಳಿಸಿ, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ತೆಗೆದರೆ ಚಪ್ಪಟೆಯಾದ ತುದಿಯ ದಪ್ಪವೇ ಪಿಸ್ಟನ್ ಮತ್ತು ತಲೆಯ ನಡುವಿನ ಸಂದು. ಸಾಮಾನ್ಯವಾಗಿ 0.5 ಮಿ.ಮೀ.ಗಿಂತ ಕಡಿಮೆ ಆಗಬಾರದು. ಸಂದು 1 ಮಿ.ಮೀ. ಇದ್ದು ಸಿಲಿಂಡರಿನ ಬುಡದಲ್ಲಿ ಸೋರಿಕೆ ತಡೆಯುವ ಹಾಳೆಯಾದ ಗ್ಯಾಸ್ಕೆಟ್ 0.5 ಮಿ.ಮೀ. ದಪ್ಪವಿದ್ದರೆ ಗ್ಯಾಸ್ಕೆಟ್ ಬಿಟ್ಟು, ಶಾಖ ತಡೆಯುವ ಸೀಲಂಟ್ ಹಚ್ಚಿ ಸಿಲಿಂಡರ್ ಕೂರಿಸಬಹುದು. 54 ಮಿ.ಮೀ. ವ್ಯಾಸಕ್ಕೆ ಅರ್ಧ ಮಿ.ಮೀ. ಎಂದರೆ 1.15 ಸಿಸಿ. ದಹನ ಕೋಣೆ 10 ಸಿಸಿ ಇದ್ದದ್ದು 8.85ಕ್ಕೆ ಇಳಿಯುತ್ತದೆ, ಒತ್ತಡದ ಅನುಪಾತ ಹತ್ತು ಶೇಕಡಕ್ಕೂ ಮೀರಿ ಏರುತ್ತದೆ. ಜೊತೆಗೆ ಸಿಲಿಂಡರ್ ಕೆಳಗಿಳಿದದ್ದರಿಂದ ಎಕ್ಸಾಸ್ಟ್ ತುಸು ತಡವಾಗಿ ತೆರೆಯುತ್ತದೆ. ಕಡಿಮೆ ಸುತ್ತಿನಲ್ಲಿ ಎಳೆತ ಹೆಚ್ಚುವುದಕ್ಕೆ ಇವೆರಡೂ ಕಾರಣ. ಜೋಡಿಸಿದ ಮೇಲೆ 0.5 ಬಾರ್ ಒತ್ತಡದ ಗಾಳಿ ತುಂಬಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸೋರಿದರೆ ಮತ್ತೆ ಅದೇ ಪೆಟ್ರೋಲ್ ಸಾಲದ ಕಥೆ.

ಕಿಡಿ ಹುಟ್ಟಿಸುವ ಅಯಸ್ಕಾಂತ ಇರುವುದು ಫ್ಲೈವೀಲಿನಲ್ಲಿ. ಕಿಡಿಯ ಸಮಯವನ್ನು ಮುಂದಕ್ಕೆ ತರಲು, ಅಂದರೆ ಕಿಡಿ ಬೇಗ ಹಾರುವಂತೆ ಮಾಡಲು, ಅದರ ಕೀಲಿಯನ್ನು ಅರದಿಂದ ಸ್ವಲ್ಪ ಉಜ್ಜಿ, ಚಕ್ರವನ್ನು ಅದು ತಿರುಗುವ ದಿಕ್ಕಿಗೇ ಸರಿಸಿ ಕೂರಿಸುತ್ತಾರೆ. ಕೀಲಿ ಇರುವಲ್ಲಿ ದಂಡದ ತ್ರಿಜ್ಯ 7 ಮಿ.ಮೀ. ಆದರೆ ಅರ್ಧ ಮಿ.ಮೀ. ಸರಿಸಿದರೂ ನಾಲ್ಕು ಡಿಗ್ರಿ. ಎಷ್ಟು ಸೂಕ್ಷ್ಮ ಎಂದು ಇದರಿಂದ ತಿಳಿಯಬಹುದು. ಹೆಚ್ಚಾದರೆ ಹಗ್ಗ ಎಳೆಯುವಾಗ ಎಂಜಿನ್ ಹಿಂದಕ್ಕೆ ಒದ್ದು ಬೆರಳು ಮುರಿಯಬಹುದು. ಕಲಿಯುವವರು ಇದನ್ನು ಕೊನೆಗೆ ಇಟ್ಟುಕೊಳ್ಳಲಿ.

ನ್ಯಾಯವಾದ ಹೋಲಿಕೆ

ಬದಲಾವಣೆ ಮಾಡಿದ ತದ್ರೂಪಿಯನ್ನು ಕಾರ್ಖಾನೆಯಿಂದ ಬಂದಂತೆಯೇ ಇರುವ ಅಸಲಿನೊಡನೆ ಕೊಯ್ಯಿಸಿ, ಅಗ್ಗದ್ದೇ ಗೆದ್ದಿತು ಎಂದು ಸಾರುವುದು ಎಲ್ಲೆಡೆ ಕಾಣುತ್ತದೆ. ಅಲ್ಲಿ ಗೆದ್ದದ್ದು ಸೈಲೆನ್ಸರಿನ ಕಿಂಡಿ. ಹೋಲಿಕೆಗೆ ನಾಲ್ಕು ಅಳತೆಗಳು ಬೇಕು: ಅಸಲು ಇದ್ದಂತೆ, ಅಸಲು ಬದಲಾವಣೆಯ ನಂತರ, ತದ್ರೂಪಿ ಇದ್ದಂತೆ, ತದ್ರೂಪಿ ಬದಲಾವಣೆಯ ನಂತರ. ಆಗ ಮಾತ್ರ ಹೆಸರಿನಿಂದ ಬಂದದ್ದೆಷ್ಟು, ಬದಲಾವಣೆಯಿಂದ ಬಂದದ್ದೆಷ್ಟು ಎಂದು ಬಿಡಿಸಬಹುದು.

ಸರಪಳಿ ಸುತ್ತಿ ಓಡುವ ಪಟ್ಟಿ, ಅಂದರೆ ಬಾರ್ ಒಂದೇ ಇರಲಿ, ಸರಪಳಿಯೂ ಒಂದೇ ಇರಲಿ. ಯಂತ್ರದಿಂದ ಯಂತ್ರಕ್ಕೆ ಬದಲಿಸಿ ಹಾಕಿಕೊಳ್ಳಿ. ಹಲ್ಲಿನ ಹರಿತ ಮತ್ತು ಅದು ಎಷ್ಟು ಆಳ ಕಚ್ಚಬೇಕೆಂದು ಮಿತಿ ಹಾಕುವ ಮುಂದಿನ ಆಳಗಟ್ಟೆಯ ಎತ್ತರ, ಸಾಮಾನ್ಯವಾಗಿ 0.65 ಮಿ.ಮೀ. ತಗ್ಗು, ಕೊಯ್ತದ ವೇಗವನ್ನು ಬದಲಿಸುವಷ್ಟು ಸೈಲೆನ್ಸರ್ ಕೂಡ ಬದಲಿಸುವುದಿಲ್ಲ. ದುಂಡು ದಿಮ್ಮಿ ಬೇಡ, ಚೌಕ ಸೀಳಿದ್ದು ಬೇಕು. ಆಗ ಪ್ರತಿ ಕೊಯ್ತದ ಕ್ಷೇತ್ರಫಲ ಒಂದೇ. ಗಂಟಿಲ್ಲದ ಭಾಗವನ್ನೇ ಆರಿಸಿ. ಕೈಯಿಂದ ಒತ್ತದೆ ಯಂತ್ರದ ತೂಕಕ್ಕೇ ಬಿಡಿ. ಕೊಯ್ಯುತ್ತ ಹೋದಂತೆ ಸರಪಳಿ ಮೊಂಡಾಗುವುದರಿಂದ ಮೊದಲು ಅಸಲು, ನಂತರ ತದ್ರೂಪಿ, ಮತ್ತೆ ತದ್ರೂಪಿ, ಕೊನೆಗೆ ಅಸಲು ಎಂಬ ಸರದಿ ಇಟ್ಟುಕೊಂಡರೆ ಆ ನಷ್ಟ ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ.

ಫಲಿತಾಂಶವನ್ನು ಸೆಕೆಂಡುಗಳಲ್ಲಿ ಬರೆಯದೆ ಸೆಕೆಂಡಿಗೆ ಎಷ್ಟು ಚದರ ಸೆಂ.ಮೀ. ಎಂದು ಬರೆಯಿರಿ. 30 ಮತ್ತು 40 ಸೆಂ.ಮೀ. ದಿಮ್ಮಿಯನ್ನು ಮೊದಲು 12 ಸೆಕೆಂಡಿನಲ್ಲಿ, ಬದಲಾವಣೆಯ ನಂತರ 10 ಸೆಕೆಂಡಿನಲ್ಲಿ ಕೊಯ್ದರೆ ದರ 100ರಿಂದ 120ಕ್ಕೆ ಏರಿತು: ಇಪ್ಪತ್ತು ಶೇಕಡ. ಸಮಯ ಕಡಿಮೆಯಾದದ್ದು ಮಾತ್ರ ಸುಮಾರು 17 ಶೇಕಡ. ಮರ ಕೊಯ್ಯಲು ಬೇಕಾದ ಶಕ್ತಿಗೆ ಹತ್ತಿರವಾದದ್ದು ಮೊದಲಿನ ಸಂಖ್ಯೆ.

ಹವೆಯನ್ನೂ ಮರೆಯಬೇಡಿ. ಮಂಗಳೂರಿನ ಕಡಲತಡಿಗಿಂತ 1100 ಮೀಟರಿಗೂ ಎತ್ತರದ ಮಡಿಕೇರಿಯಲ್ಲಿ ಗಾಳಿ ಸುಮಾರು ಹತ್ತು ಶೇಕಡ ತೆಳು. ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ, ಕಾರ್ಬ್ಯುರೇಟರಿನ ಹೊಂದಿಕೆಯೂ ಬದಲಾಗುತ್ತದೆ. ಒಂದು ಯಂತ್ರವನ್ನು ಇಲ್ಲಿ, ಇನ್ನೊಂದನ್ನು ಅಲ್ಲಿ ಅಳೆದು ಹೋಲಿಸಿದರೆ ಅಳೆದದ್ದು ಘಟ್ಟದ ಎತ್ತರವನ್ನು.

ಶಕ್ತಿಯ ಸಂಖ್ಯೆಯಲ್ಲಿ ಕಾಣದ್ದು

ಸರಿಯಾಗಿ ಜೋಡಿಸಿ ಹೊಂದಿಸಿದ ತದ್ರೂಪಿ ಗರಿಷ್ಠ ಶಕ್ತಿಯಲ್ಲಿ ಅಸಲಿನ ಹತ್ತಿರಕ್ಕೆ ಬರುವುದರಲ್ಲಿ ನನಗೆ ಆಶ್ಚರ್ಯವಿಲ್ಲ. ಭೌತಶಾಸ್ತ್ರಕ್ಕೆ ಹೆಸರಿನ ಚೀಟಿ ಕಾಣುವುದಿಲ್ಲ. ಬೆಲೆಯ ಅಂತರ ಕೂತಿರುವುದು ಬೇರಿಂಗ್, ಆಯಿಲ್ ಸೀಲ್, ಸಿಲಿಂಡರಿನ ಒಳಲೇಪ, ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ಇಂಥವುಗಳಲ್ಲಿ. ಒಂದು ದಿಮ್ಮಿಯ ಪರೀಕ್ಷೆಯಲ್ಲಿ ಅವು ಬಾಯಿ ಬಿಡುವುದಿಲ್ಲ. ಶಕ್ತಿ ಹೆಚ್ಚಿಸಿದಷ್ಟೂ ಅವುಗಳ ಮೇಲಿನ ಹೊರೆಯೂ ಹೆಚ್ಚುತ್ತದೆ. ಆದ್ದರಿಂದ ಬದಲಾವಣೆಗೆ ಮೊದಲು ಕಂಪ್ರೆಷನ್ ಗೇಜಿನ ಓದನ್ನು ಬರೆದಿಟ್ಟುಕೊಂಡು, ಮುಂದೆ ಕೆಲವು ಟ್ಯಾಂಕಿಗೊಮ್ಮೆ ಮತ್ತೆ ಅಳೆಯುತ್ತಿರಿ. ಓದು ಇಳಿಯತೊಡಗಿದರೆ ಸೈಲೆನ್ಸರ್ ಕಳಚಿ, ಪೋರ್ಟಿನ ಮೂಲಕ ಪಿಸ್ಟನ್ನಿನ ಮೈ ನೋಡಿ. ಉದ್ದಗೆರೆಗಳು ಕಂಡರೆ ಅಲ್ಲಿಗೆ ನಿಲ್ಲಿಸಿ ಕಾರಣ ಹುಡುಕಬೇಕು. ಚೈನ್ ಬ್ರೇಕನ್ನು ಮಾತ್ರ ಎರಡೂ ಯಂತ್ರಗಳಲ್ಲಿ ಪ್ರತಿ ಬಾರಿ, ಮರ ಮುಟ್ಟುವ ಮೊದಲೇ ಪರೀಕ್ಷಿಸಿ: ಸರಪಳಿ ಓಡುತ್ತಿರುವಾಗ ಮುಂಗೈ ಕಾಪನ್ನು ಮುಂದಕ್ಕೆ ತಳ್ಳಿದರೆ ಅದು ತಟ್ಟನೆ ನಿಲ್ಲಬೇಕು. ನಿಲ್ಲದ ಯಂತ್ರವನ್ನು ಹೋಲಿಕೆಯ ಪಟ್ಟಿಯಿಂದಲೇ ತೆಗೆಯಿರಿ.