ಶಾಲೆಗೆ ಟಿವಿ ಬಂದು 50 ವರ್ಷ, ಮೇಷ್ಟ್ರ ಕೈಗೆ ಏನು ಬಂತು?

ಹೋದ ತಿಂಗಳು ನಾನು ಮೇಷ್ಟ್ರಾಗಿರೋ ಶಾಲೆಗೆ ಒಂದು ಸ್ಮಾರ್ಟ್ ಟಿವಿ ಬಂತು. ದಾನಿಗಳು ಕೊಟ್ಟಿದ್ದು. ಅದನ್ನ ಗೋಡೆಗೆ ಕೂರಿಸಿ ಮೇಲಿನ ಪ್ಲಾಸ್ಟಿಕ್ ಬಿಚ್ಚೋವರೆಗೂ ಏಳನೇ ಕ್ಲಾಸಿನ ಮಕ್ಕಳು ಊಟಕ್ಕೂ ಹೋಗದೆ ಬಾಗಿಲಲ್ಲೇ ನಿಂತಿದ್ರು. ಸಂಜೆ ಮನೇಲಿ ಅಪ್ಪಂಗೆ ಹೇಳಿದೆ. "ನಮ್ಮ ಸಾಲಿಗೆ ಟಿವಿ ಎಪ್ಪತ್ತೈದರಾಗ ಬಂದಿತ್ತಲೋ ತಮ್ಮಾ" ಅಂದ್ರು. ಅವರದ್ದು ರಾಯಚೂರು ಜಿಲ್ಲೆಯ ಸಣ್ಣ ಹಳ್ಳಿ. ನಾನು ನಂಬಲಿಲ್ಲ, ಆಮೇಲೆ ಹುಡುಕಿ ಓದಿದ್ರೆ ಅವರು ಹೇಳಿದ್ದು ನೂರಕ್ಕೆ ನೂರು ನಿಜ.

ಅದರ ಹೆಸರು ಸೈಟ್, ಅಂದ್ರೆ ಉಪಗ್ರಹದ ಮೂಲಕ ಟಿವಿ ಪಾಠ ಹೇಳೋ ಪ್ರಯೋಗ. ವಿಕ್ರಮ್ ಸಾರಾಭಾಯ್ ಕಾಲದಲ್ಲಿ, 1969ರಲ್ಲೇ, ಅಮೆರಿಕದ ನಾಸಾ ಜೊತೆ ಒಪ್ಪಂದ ಆಗಿತ್ತು. ಅವರ ಎಟಿಎಸ್-6 ಉಪಗ್ರಹವನ್ನ ಒಂದು ವರ್ಷದ ಮಟ್ಟಿಗೆ ನಮಗೆ ಬಳಸೋಕೆ ಕೊಟ್ರು. 1975 ಆಗಸ್ಟ್ 1ಕ್ಕೆ ಶುರುವಾಗಿ 1976 ಜುಲೈ 31ಕ್ಕೆ ಮುಗೀತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನ ಆರಿಸ್ಕೊಂಡಿದ್ರು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ, ಅಂದ್ರೆ ಎಲ್ಲದರಲ್ಲೂ ಹಿಂದುಳಿದಿದೆ ಅಂತ ಕರೆಸ್ಕೊಳ್ಳೋ ನಮ್ಮ ಜಿಲ್ಲೆಗಳೇ. ಬೆಳಗ್ಗೆ ಶಾಲೆ ಮಕ್ಕಳಿಗೆ ಇಪ್ಪತ್ತೆರಡೂವರೆ ನಿಮಿಷದ ಕಾರ್ಯಕ್ರಮ, ಸಂಜೆ ಊರವರಿಗೆ ಕೃಷಿ, ಆರೋಗ್ಯ. ಒಂದೇ ಚಿತ್ರಕ್ಕೆ ಎರಡು ಭಾಷೆಯ ಧ್ವನಿ ಕಳಿಸೋ ಅನುಕೂಲ ಕೂಡ ಆ ಉಪಗ್ರಹದಲ್ಲಿತ್ತು, ಆಗಿನ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಅಪ್ಪಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿರೋದು ಆಂಟೆನಾ. ಕೋಳಿ ಗೂಡಿಗೆ ಬಿಗೀತಾರಲ್ಲ ಆ ತಂತಿ ಜಾಲರಿ, ಅದರಿಂದ ಮಾಡಿದ ಹತ್ತು ಅಡಿ ಅಗಲದ ಛತ್ರಿ, ಮಳೆ ಬಂದ್ರೆ ನೀರು ತೂತಿನಿಂದ ಸೋರಿ ಹೋಗ್ತಿತ್ತು, ಮಕ್ಕಳು ಅದರ ಕೆಳಗೇ ಆಟ ಆಡೋರು. ಕರೆಂಟ್ ಇಲ್ಲದ ಕೆಲವು ಊರಿಗೆ ಬ್ಯಾಟರಿ ಮೇಲೆ ನಡೆಯೋ ಸೆಟ್ ಕೊಟ್ಟಿದ್ರು. ಅವರು ಹೇಳಿದ್ರಲ್ಲಿ ನನ್ನ ಮನಸ್ಸಲ್ಲಿ ಉಳಿದದ್ದು ಬೇರೆ ಒಂದು. ಟಿವಿ ಪಾಠ ಮುಗಿದ ಮೇಲೆ ಅವರ ಮೇಷ್ಟ್ರು ಸೆಟ್ ಆರಿಸಿ, ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗಿ, ಈಗ ನೋಡಿದ್ದನ್ನ ನೀವೇ ಮಾಡಿ ತೋರ್ಸಿ ಅಂತಿದ್ರಂತೆ. ಅಪ್ಪ ತಳಕ್ಕೆ ತೂತು ಕೊರೆದ ಡಬ್ಬಿಯಲ್ಲಿ ನೀರು ತುಂಬಿ, ಬಾಯಿ ಮುಚ್ಚಿದ್ರೆ ನೀರು ಯಾಕೆ ನಿಲ್ಲುತ್ತೆ ಅಂತ ಮಾಡಿ ನೋಡಿದ್ದು ಇನ್ನೂ ಹೇಳ್ತಾರೆ. ಅರವತ್ತು ದಾಟಿತು ವಯಸ್ಸು, ಟಿವಿಯಲ್ಲಿ ಯಾರು ಮಾತಾಡಿದ್ರು ಅನ್ನೋದು ನೆನಪಿಲ್ಲ, ಆ ಡಬ್ಬಿ ನೆನಪಿದೆ.

ಆ ಮೇಷ್ಟ್ರು ಹಂಗೆ ಮಾಡಿದ್ದು ಆಕಸ್ಮಿಕ ಇರಲಿಕ್ಕಿಲ್ಲ. ಸೈಟ್ ಒಳಗೇ ಶಿಕ್ಷಕರ ತರಬೇತಿ ಅಂತ ಇನ್ನೊಂದು ಭಾಗ ಇತ್ತು. ರಜೆ ದಿನಗಳಲ್ಲಿ ಸುಮಾರು 50,000 ಪ್ರಾಥಮಿಕ ಶಾಲೆ ಶಿಕ್ಷಕರಿಗೆ ವಿಜ್ಞಾನ ಕಲಿಸೋ ಬಗೆಯನ್ನ ಟಿವಿ, ರೇಡಿಯೋ, ಪುಸ್ತಕ, ಕೈಯಿಂದ ಮಾಡೋ ಪ್ರಯೋಗ ಎಲ್ಲಾ ಸೇರಿಸಿ ಹೇಳಿಕೊಟ್ರು. ಆಮೇಲೆ ನಡೆದ ಅಧ್ಯಯನದಲ್ಲಿ ಮಕ್ಕಳ ಭಾಷೆ ಸುಧಾರಿಸಿದ್ದು ಕಂಡಿತು, ಆದ್ರೆ ಶಾಲೆಗೆ ಸೇರೋ ಮಕ್ಕಳ ಸಂಖ್ಯೆ ಏರಲಿಲ್ಲ, ಶಾಲೆ ಬಿಡೋದೂ ಕಮ್ಮಿ ಆಗಲಿಲ್ಲ. ಸುಗ್ಗಿ ಟೈಮಲ್ಲಿ ಹೊಲಕ್ಕೆ ಹೋಗಬೇಕಾದ ಮಗುವನ್ನ ಟಿವಿ ಎಷ್ಟು ದಿನ ಹಿಡ್ಕೊಳ್ಳುತ್ತೆ ಹೇಳಿ.

ವರ್ಷ ಮುಗೀತು, ಉಪಗ್ರಹ ವಾಪಸ್ ಹೋಯ್ತು. ಅದರ ಒಂದು ಗುರುತು ಮಾತ್ರ ಉಳೀತು, 1977ರಲ್ಲೇ ಗುಲ್ಬರ್ಗಾಕ್ಕೆ ಟಿವಿ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರಲ್ಲಿ. ಇದನ್ನ ಬೆಂಗಳೂರಿನ ಫ್ರೆಂಡ್ಸ್‌ಗೆ ಹೇಳಿದ್ರೆ ಯಾರೂ ಒಪ್ಪಲ್ಲ, ನಮಗಂತೂ ಹೆಮ್ಮೆ.

1984ರ ಹೊತ್ತಿಗೆ ಕೇಂದ್ರ ಸರ್ಕಾರ ಕ್ಲಾಸ್ ಅನ್ನೋ ಯೋಜನೆ ತಂತು, ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರ್. ಹಳ್ಳಿ ಶಾಲೆಗಳ ಮಟ್ಟಿಗೆ ಅದು ಕೇಳಿದ ಸುದ್ದಿ ಅಷ್ಟೇ. ಅದಕ್ಕಿಂತ ದೊಡ್ಡ ಬದಲಾವಣೆ ಶುರುವಾಗಿದ್ದು 1995ರಲ್ಲಿ ಎಚ್.ಡಿ.ಕೋಟೆಯಲ್ಲಿ, ಅದೂ ಕರೆಂಟೇ ಬೇಡದ ಒಂದು ಸಲಕರಣೆಯಿಂದ. ನಲಿ ಕಲಿ ಕಾರ್ಡುಗಳು! ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿ ನೋಡ್ಕೊಂಡು ಬಂದ ನಮ್ಮ ಸರ್ಕಾರಿ ಶಾಲೆ ಶಿಕ್ಷಕರೇ ಕೂತು ಮಾಡಿದ್ದು, ಕಲಿಕಾ ಏಣಿ, ಮೆಟ್ಟಿಲು, ಮಗು ತನ್ನ ವೇಗದಲ್ಲಿ ಹತ್ತೋದು. 2009ರಲ್ಲಿ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂತು. ಇದನ್ನ ಯಾರೂ ಟೆಕ್ನಾಲಜಿ ಲೆಕ್ಕಕ್ಕೆ ಹಿಡಿಯಲ್ಲ, ನಾನು ಹಿಡಿತೀನಿ, ಯಾಕಂದ್ರೆ ಇದನ್ನ ತಯಾರಿಸಿದ್ದೂ ಮೇಷ್ಟ್ರೇ, ಹರಿದ್ರೆ ಅಂಟಿಸೋದೂ ಮೇಷ್ಟ್ರೇ.

ಆಮೇಲೆ ರೇಡಿಯೋ. ಚಿಣ್ಣರ ಚುಕ್ಕಿ, ಚುಕ್ಕಿ ಚಿನ್ನ, ಕೇಳಿ ಕಲಿ, ಈ ಹೆಸರು ಕೇಳಿದ್ರೆ 2000ದ ನಂತರ ಸರ್ಕಾರಿ ಶಾಲೇಲಿ ಓದಿದ ಎಷ್ಟೋ ಜನಕ್ಕೆ ಒಂದು ಹಾಡಾದ್ರೂ ನೆನಪಾಗುತ್ತೆ. ಪಠ್ಯ, ಶಿಕ್ಷಕರ ತರಬೇತಿ ನೋಡ್ಕೊಳ್ಳೋ ರಾಜ್ಯದ ಸಂಸ್ಥೆ ಡಿಎಸ್‌ಇಆರ್‌ಟಿ ಮಾಡಿಸಿದ ಕಾರ್ಯಕ್ರಮಗಳು, ಆಕಾಶವಾಣಿಯಲ್ಲಿ ಬರ್ತಿದ್ವು. ಈ ಥರ ಪಾಠದ ಗುಟ್ಟು ಇರೋದು ರೇಡಿಯೋ ಸುಮ್ಮನಾಗೋದ್ರಲ್ಲಿ. ರೇಡಿಯೋ ಅಕ್ಕ ಒಂದು ಪ್ರಶ್ನೆ ಕೇಳ್ತಾಳೆ, ಆಮೇಲೆ ನಾಕೈದು ಸೆಕೆಂಡ್ ಬರೀ ಸಂಗೀತ, ಅಷ್ಟರಲ್ಲಿ ಇಡೀ ಕ್ಲಾಸು ಕೂಗಿ ಉತ್ತರ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನೋಡಿದ್ದೀನಿ, ಯಾವತ್ತೂ ಬಾಯಿ ಬಿಡದ ಒಬ್ಬ ಹುಡುಗಿ ಆ ಸಂಗೀತದ ನಡುವೆ ಜೋರಾಗಿ ಉತ್ತರ ಹೇಳ್ತಿದ್ಲು, ಎಲ್ಲರ ದನಿ ಜೊತೆ ತನ್ನ ದನಿ ಸೇರಿ ಹೋಗುತ್ತಲ್ಲ, ತಪ್ಪಾದ್ರೂ ಗೊತ್ತಾಗಲ್ಲ ಅನ್ನೋ ಧೈರ್ಯ. ಸೆಲ್ ಹಾಕೋ ಒಂದು ಸಣ್ಣ ಡಬ್ಬಿ ಇಷ್ಟು ಮಾಡ್ತಿತ್ತು. ಆದ್ರೆ ಸೆಲ್ ಖಾಲಿಯಾದ್ರೆ ತರೋದು ನಮ್ಮ ಜೇಬಿಂದ.

2004 ಸೆಪ್ಟೆಂಬರ್ 20ಕ್ಕೆ ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿತು, ಪಾಠಕ್ಕೇ ಅಂತ ಮೀಸಲಾದ ನಮ್ಮದೇ ಉಪಗ್ರಹ. ಅದನ್ನ ಮೊದಲು ಬಳಸಿದವರಲ್ಲಿ ನಮ್ಮ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಇತ್ತು, ಪ್ರಾಥಮಿಕ ಶಾಲೆ ಮಟ್ಟದಲ್ಲಿ ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಶಾಲೆಗಳಿಗೆ ಟಿವಿ, ಡಿಶ್ ಹಾಕಿದ್ರು. 2010ಕ್ಕೆ ಉಪಗ್ರಹದ ಆಯಸ್ಸು ಮುಗೀತು. ಮೂವತ್ತು ವರ್ಷದ ಹಿಂದೆ ರಾಯಚೂರಲ್ಲಿ ಏನಾಗಿತ್ತೋ ಅದೇ ಮತ್ತೆ.

ಕಂಪ್ಯೂಟರ್ ಲ್ಯಾಬಿನ ಕಥೆ ನನಗೆ ಜಾಸ್ತಿ ನೋವು ಕೊಡೋದು. ಎಸ್.ಎಂ. ಕೃಷ್ಣ ಸರ್ಕಾರದ ಕಾಲದಲ್ಲಿ ಮಾಹಿತಿ ಸಿಂಧು ಬಂತು, 1000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್, ಖಾಸಗಿ ಕಂಪನಿಗಳ ಕೈಲಿ ನಿರ್ವಹಣೆ. ಆಮೇಲೆ ಬಂದ ಐಸಿಟಿ ಯೋಜನೆಯಲ್ಲೂ ಅದೇ ದಾರಿ, ಕಂಪನಿಯೇ ಮಷೀನ್ ಹಾಕಿ, ಅವರೇ ಒಬ್ಬ ಕಂಪ್ಯೂಟರ್ ಮೇಷ್ಟ್ರನ್ನ ಕಳಿಸಿ, ಐದು ವರ್ಷ ಆದ ಮೇಲೆ ಶಾಲೆಗೆ ಬಿಟ್ಟುಕೊಟ್ಟು ಹೋಗೋದು. ಆ ಐದು ವರ್ಷ ಗಣಿತದ ಮೇಷ್ಟ್ರು, ವಿಜ್ಞಾನದ ಟೀಚರ್ ಲ್ಯಾಬಿನ ಹೊಸ್ತಿಲು ದಾಟಲಿಲ್ಲ, ಮೌಸ್ ಮುಟ್ಟಿದ್ರೆ ಏನಾಗುತ್ತೋ ಅನ್ನೋ ಭಯ, ಜೊತೆಗೆ ಅದು ನಮ್ಮ ಕೆಲಸ ಅಲ್ಲ ಅನ್ನೋ ಭಾವನೆ. ಒಪ್ಪಂದ ಮುಗೀತು, ಆ ಹುಡುಗ ಹೋದ, ಬೀಗ ಬಿತ್ತು. ನಾನು ಕೆಲಸ ಮಾಡಿದ ಒಂದು ಶಾಲೇಲಿ ಯುಪಿಎಸ್ ಬ್ಯಾಟರಿ ಉಬ್ಬಿ, ಕೀಬೋರ್ಡ್ ಒಳಗೆ ಇರುವೆ ಗೂಡು ಕಟ್ಟಿತ್ತು. ಅದೇ ಕಾಲದಲ್ಲಿ ಪಕ್ಕದ ಕೇರಳ ತನ್ನ ಐಟಿ ಅಟ್ ಸ್ಕೂಲ್ ಯೋಜನೆಯನ್ನ ಸ್ವಂತ ಶಿಕ್ಷಕರಿಗೆ ಟ್ರೈನಿಂಗ್ ಕೊಟ್ಟು, ಉಚಿತ ಸಾಫ್ಟ್‌ವೇರ್ ಹಾಕಿ ನಡೆಸ್ತು, ನಾವು ಯಾಕೆ ಮಾಡಲಿಲ್ಲ ಅಂತ ಇವತ್ತಿಗೂ ಬೇಜಾರಾಗುತ್ತೆ.

ಬದಲಾಗಿದ್ದು 2011ರ ನಂತರ, ವಿಷಯ ಶಿಕ್ಷಕರ ವೇದಿಕೆ ಮತ್ತು ಕೊಯೆರ್ ಅನ್ನೋ ಪಾಠದ ಸಾಮಗ್ರಿಯ ವೆಬ್‌ಸೈಟ್ ಶುರುವಾದ ಮೇಲೆ. ಡಿಎಸ್‌ಇಆರ್‌ಟಿ ಜೊತೆ ಐಟಿ ಫಾರ್ ಚೇಂಜ್ ಅನ್ನೋ ಬೆಂಗಳೂರಿನ ಸ್ವಯಂಸೇವಾ ಸಂಸ್ಥೆ ಸೇರಿ, ಮೇಷ್ಟ್ರುಗಳೇ ಪಾಠದ ಸಾಮಗ್ರಿ ಮಾಡಿ ಕನ್ನಡದಲ್ಲಿ ಹಂಚ್ಕೊಳ್ಳೋ ಹಂಗೆ ಮಾಡಿದ್ರು. ಜಿಯೋಜೀಬ್ರಾ ಅನ್ನೋ ಗಣಿತದ ಸಾಫ್ಟ್‌ವೇರ್ ಕಲ್ತದ್ದು ನಾನು ಆ ದಿನಗಳಲ್ಲೇ. ತ್ರಿಭುಜ ಬರೆದು, ಒಂದು ಶೃಂಗ ಹಿಡಿದು ಎಳೀರಿ ಅಂತ ಒಬ್ಬ ಹುಡುಗನ ಕೈಗೆ ಮೌಸ್ ಕೊಟ್ಟೆ. ಎಳೆದ, ಕೋನಗಳ ಸಂಖ್ಯೆ ಓಡ್ತಾ ಇದೆ, ಮೊತ್ತ ಮಾತ್ರ 180ರಲ್ಲೇ ನಿಂತಿದೆ. ಅವನು ಪರದೆ ತುಂಬಾ ಎಳೆದಾಡಿದ, ಅದನ್ನ ಸೋಲಿಸೋಕೆ ನೋಡಿದ, ಹಿಂದಿನ ಬೆಂಚಿನವರೆಲ್ಲ ಎದ್ದು ಬಂದು "ಚಪ್ಪಟೆ ಮಾಡೋ, ಇನ್ನೂ ಚಪ್ಪಟೆ ಮಾಡೋ" ಅಂತ ಕೂಗ್ತಿದ್ರು. ನಲವತ್ತು ನಿಮಿಷದ ಪೀರಿಯಡ್ ಅದಕ್ಕೇ ಹೋಯ್ತು. ಪ್ರಮೇಯದ ಸಾಧನೆ ಮಾರನೇ ದಿನ ಬೋರ್ಡ್ ಮೇಲೆ ಮಾಡಿದ್ವಿ, ಯಾಕೆ ಹಂಗಾಗುತ್ತೆ ಸಾರ್ ಅಂತ ಅವರೇ ಕೇಳಿದ ಮೇಲೆ.

ಕಂಪ್ಯೂಟರ್ ಬಳಸಿ ಪಾಠ ಮಾಡೋದಕ್ಕೆ ಅಂತ ಸರ್ಕಾರದ ಟಾಲ್ಪ್ ಯೋಜನೆ ಬಂತು, ಪ್ರೌಢಶಾಲೆ ಶಿಕ್ಷಕರಿಗೆ ಟ್ರೈನಿಂಗ್ ಸಿಕ್ತು. 2017ರಲ್ಲಿ ದೀಕ್ಷಾ ಅನ್ನೋ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠದ ತಾಣ ಬಂತು, ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಬಂತು. ಆದ್ರೆ ಅದನ್ನ ಸ್ಕ್ಯಾನ್ ಮಾಡೋ ಫೋನ್ ಇರೋದು ಮಗುವಿನ ಅಪ್ಪನ ಜೇಬಲ್ಲಿ, ಅಪ್ಪ ದುಡಿಯೋಕೆ ಪುಣೆಗೋ ಬೆಂಗಳೂರಿಗೋ ಹೋಗಿದ್ದಾನೆ.

ಕೊರೋನಾದಲ್ಲಿ ಇದು ಬಯಲಾಯ್ತು. 2020ರ ಜೂನ್‌ನಲ್ಲಿ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ಕ್ಲಾಸ್ ಬೇಡ ಅಂತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಡ್ತು, ಚಂದನದಲ್ಲಿ ಪಾಠ ಶುರುವಾಯ್ತು, ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ನಾವೇ ಗುಡಿ ಕಟ್ಟೆ, ಮರದ ನೆರಳಿಗೆ ಹೋಗಿ ಪಾಠ ಮಾಡಿದ್ವಿ, ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಒಂದು ಫೋಟೋ ಎಲ್ಲರೂ ನೋಡಿರ್ತೀರಿ, ನೆಟ್‌ವರ್ಕ್ ಸಿಗೋ ರಸ್ತೆ ಬದಿಯಲ್ಲಿ ಮಗಳು ಕೂತು ಕ್ಲಾಸ್ ಕೇಳ್ತಿದ್ದಾಳೆ, ಅಪ್ಪ ಛತ್ರಿ ಹಿಡಿದು ನಿಂತಿದ್ದಾನೆ. ನನಗೆ ಆ ಫೋಟೋ ನೋಡಿ ಗಂಟಲು ಕಟ್ಟಿತ್ತು.

ಈಗ ಸರ್ಕಾರಿ ಶಾಲೆಗಳ ಕರೆಂಟ್ ಸರ್ಕಾರವೇ ಕೊಡುತ್ತೆ ಅಂತ 2023ರ ರಾಜ್ಯೋತ್ಸವದ ದಿನ ಘೋಷಣೆ ಆಯ್ತು, ಇದು ನಿಜಕ್ಕೂ ದೊಡ್ಡ ಸಮಾಧಾನ, ಬಿಲ್ ಕಟ್ಟೋಕೆ ಆಗದೆ ಫ್ಯೂಸ್ ಕಿತ್ತ ಶಾಲೆ ನಾನೇ ಕಂಡಿದ್ದೀನಿ. ಹೊಸ ಟಿವಿ ಬಗ್ಗೆ ಮೊನ್ನೆ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿಯ ಸಭೇಲಿ ಮಾತು ಬಂದಾಗ ಒಬ್ಬ ತಾಯಿ ಎದ್ದು, ಕೆಟ್ಟರೆ ಯಾರು ರಿಪೇರಿ ಮಾಡಸ್ತಾರ ಸರ್, ಬರೆದಿಡ್ರಿ ಅಂದ್ರು. ವಾರಂಟಿ ಮೂರು ವರ್ಷ. ಆಮೇಲಿಂದಕ್ಕೆ ತಿಂಗಳಿಗೆ ಇಷ್ಟು ಅಂತ ಈಗಿಂದಲೇ ತೆಗೆದಿಡೋದು, ರಿಮೋಟ್ ಬೀರುವಿನಲ್ಲಿ ಇಡದೆ ಕ್ಲಾಸಲ್ಲೇ ಇಡೋದು, ಎರಡನ್ನೂ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿದ್ವಿ.