ಹಳೆಯ ಎಚ್‌ಎಂಟಿ ಕೊಳ್ಳುವ ಮುನ್ನ ಹಿಂಬದಿ ತೆಗೆಸಿ ನೋಡಿ

ರಿಪೇರಿಗೆ ಬರುವ ಹಳೆಯ ಎಚ್‌ಎಂಟಿ ವಾಚುಗಳಲ್ಲಿ ಎರಡು ಬಗೆ. ಒಂದು, ಮನೆಯ ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದದ್ದು. ಗ್ಲಾಸಿನ ತುಂಬ ಗೀರು, ಡಯಲ್ ಕೆನೆಬಣ್ಣಕ್ಕೆ ತಿರುಗಿರುತ್ತದೆ, ಬೆಲ್ಟು ಮುಟ್ಟಿದರೆ ಪುಡಿಯಾಗುತ್ತದೆ. ಇನ್ನೊಂದು, ಮೊಬೈಲಿನಲ್ಲಿ ಚಿತ್ರ ನೋಡಿ ತರಿಸಿಕೊಂಡದ್ದು. ಕಡುನೀಲಿಯೋ ಕಿತ್ತಳೆಯೋ ಡಯಲ್, ಕನ್ನಡಿಯಂತೆ ಹೊಳೆಯುವ ಕೇಸು, ಹೊಸ ಬೆಲ್ಟು. ಮೊದಲನೆಯದನ್ನು ಜನ ಸಂಕೋಚದಿಂದ ಮುಂದಿಡುತ್ತಾರೆ, ಎರಡನೆಯದನ್ನು ಹೆಮ್ಮೆಯಿಂದ. ಹಿಂಬದಿ ತೆಗೆದ ಮೇಲೆ ಲೆಕ್ಕ ತಲೆಕೆಳಗಾಗುತ್ತದೆ. ಮೊದಲನೆಯದಕ್ಕೆ ಬೇಕಾಗಿರುವುದು ಹೆಚ್ಚಿನ ಸಲ ತೊಳೆದು ಎಣ್ಣೆ ಹಾಕುವುದಷ್ಟೇ. ಎರಡನೆಯದು ನಾಲ್ಕಾರು ವಾಚುಗಳ ಭಾಗ ಸೇರಿಸಿ ಕಟ್ಟಿದ್ದಾಗಿರುತ್ತದೆ.

ಹೀಗೆ ಕಟ್ಟಲು ಸಾಧ್ಯವಾಗುವುದಕ್ಕೆ ಕಾರಣ ಈ ವಾಚಿನ ಗುಣದಲ್ಲೇ ಇದೆ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಮಷೀನ್ ಟೂಲ್ಸ್, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರ ತಯಾರಿಕೆಗೆ ಇಳಿಯಿತು. ಕೀಲಿ ಕೊಡುವ ವಾಚುಗಳಿಗೆ ಸಿಟಿಜನ್‌ನ ಒಂದು ಗಟ್ಟಿಮುಟ್ಟಾದ ಮಷೀನನ್ನೇ ಆಧಾರವಾಗಿ ಇಟ್ಟುಕೊಂಡಿತು. ಜನತಾ, ಪೈಲಟ್, ಜವಾನ್, ಕೊಹಿನೂರ್ ಎಂದು ಹೆಸರು, ಡಯಲ್, ಕೇಸು ಬೇರೆಯಾದರೂ ಒಳಗಿನ ಮಷೀನಿನ ಕುಟುಂಬ ಒಂದೇ. ಹೀಗಾಗಿ 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ನಿರ್ಧಾರವಾದ ಮೇಲೂ ಬಿಡಿಭಾಗಕ್ಕೆ ಕೊರತೆಯಿಲ್ಲ. ಕೆಟ್ಟ ಜನತಾದ ಚಕ್ರ ತೆಗೆದು ಪೈಲಟ್‌ಗೆ ಹಾಕಬಹುದು. ಆದರೆ ಅದೇ ಸುಲಭದಲ್ಲಿ ಜನತಾದ ಮಷೀನಿಗೆ ಪೈಲಟ್‌ನ ಹೊಸ ಡಯಲ್ ಅಚ್ಚು ಹೊಡೆದು ಮಾರಲೂಬಹುದು. ರಿಪೇರಿಗೆ ವರವಾದದ್ದೇ ನಕಲಿಗೂ ದಾರಿ ಮಾಡಿಕೊಟ್ಟಿದೆ.

ಆದ್ದರಿಂದ ಮೊದಲು ನೋಡಬೇಕಾದ್ದು ಡಯಲ್. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಒಂದಿದ್ದರೆ ಸಾಕು. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರದ ಅಂಚು ಕತ್ತರಿಸಿದಷ್ಟು ಸ್ಪಷ್ಟ, ಪೆಟ್ಟು ತಾಳುವ ಏರ್ಪಾಡಿನ ಹೆಸರಾದ ‘ಪ್ಯಾರಾಶಾಕ್’ ಎಂಬ ಸಣ್ಣಕ್ಷರದಲ್ಲೂ ಒಳಗಿನ ಖಾಲಿ ಜಾಗ ಮುಚ್ಚಿರುವುದಿಲ್ಲ. ಮರು ಅಚ್ಚಿನ ಡಯಲ್‌ನಲ್ಲಿ ಶಾಯಿ ಹರಡಿ ಅಕ್ಷರ ದಪ್ಪಗಾಗಿರುತ್ತದೆ, ಸಾಲು ಒಂದು ಕಡೆಗೆ ವಾಲಿರುತ್ತದೆ. ನಿಮಿಷದ ಗೆರೆಗಳನ್ನು ಹನ್ನೆರಡರಿಂದ ಎಣಿಸುತ್ತ ಹೋಗಿ. ಗಂಟೆಯ ಗುರುತಿನ ನಡುವೆ ಸರಿಯಾಗಿ ಕೂರಬೇಕಾದ ಗೆರೆ ಎಡಕ್ಕೋ ಬಲಕ್ಕೋ ಸರಿದಿದ್ದರೆ ಆ ಡಯಲ್ ಕಾರ್ಖಾನೆಯದಲ್ಲ. ಮುಳ್ಳುಗಳ ನಡುವಿನ ತೂತಿನ ಅಂಚಿನಲ್ಲಿ ಬಣ್ಣ ಗಟ್ಟಿಯಾಗಿ ನಿಂತಿದ್ದರೂ ಅದೇ ಅರ್ಥ. ಮುಳ್ಳುಗಳ ಉದ್ದವನ್ನೂ ಗಮನಿಸಿ. ನಿಮಿಷದ ಮುಳ್ಳು ನಿಮಿಷದ ಗೆರೆಯನ್ನು ತಲುಪದೆ ನಡುವೆಯೇ ನಿಂತರೆ ಅದು ಬೇರೆ ಮಾಡೆಲ್‌ನಿಂದ ಬಂದದ್ದು.

ಡಯಲ್ ಮೇಲೆ ಸಂಸ್ಥೆಯೊಂದರ ಲಾಂಛನ ಇದ್ದ ಮಾತ್ರಕ್ಕೆ ಅನುಮಾನ ಬೇಡ. ಉಡುಗೊರೆಗೆಂದು ಹಾಗೆ ಮಾಡಿಸಿದ ಅಸಲಿ ವಾಚುಗಳೂ ಇವೆ. ಅಲ್ಲಿಯೂ ತೀರ್ಪು ಕೊಡುವುದು ಅಚ್ಚಿನ ಗುಣವೇ. ಕಣ್ಣು ಪಳಗಬೇಕಾದರೆ ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಎಚ್‌ಎಂಟಿ ಹೆರಿಟೇಜ್ ಸೆಂಟರ್‌ಗೆ ಬಿಡುವು ಮಾಡಿಕೊಂಡು ಹೋಗಿ. ಮರದ ನೆರಳಿನ ಆ ಹಳೆಯ ಬಂಗಲೆಯಲ್ಲಿ ಸಾಲು ಸಾಲಾಗಿ ಅಸಲಿ ಮಾಡೆಲ್‌ಗಳಿವೆ. ಕೊಳ್ಳಬೇಕೆಂದಿರುವ ವಾಚಿನ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು, ಮುಳ್ಳಿನ ಆಕಾರ, ಅಂಕಿಯ ಬಗೆ, ಹೆಸರು ಬರೆದ ಜಾಗ ಒಂದೊಂದನ್ನೇ ತಾಳೆ ಹಾಕಿ. ಅವಸರದಲ್ಲಿ ಒಂದು ಸುತ್ತು ಹಾಕಿ ಬಂದರೆ ಪ್ರಯೋಜನವಿಲ್ಲ.

ಕೇಸಿನ ವಿಷಯ ಚಿಕ್ಕದು. ಹಲವು ಮಾಡೆಲ್‌ಗಳ ಕೇಸು ಹಿತ್ತಾಳೆಯ ಮೇಲೆ ಕ್ರೋಮ್ ಲೇಪಿಸಿದ್ದು, ಹಿಂಬದಿ ಮಾತ್ರ ಸ್ಟೀಲು. ಬೆವರು ತಾಗುವ ಕಡೆ ಕ್ರೋಮ್ ಎದ್ದು ಹಳದಿ ಕಾಣಿಸುತ್ತದೆ, ಆಮೇಲೆ ಸಣ್ಣ ಗುಳಿ ಬೀಳುತ್ತವೆ. ಇದನ್ನು ಪಾಲಿಶ್ ಮಾಡಿಸಲು ಹೋಗಬೇಡಿ, ಉಳಿದ ಲೇಪವೂ ಹೋಗುತ್ತದೆ. ಪೂರ್ತಿ ಹೊಳೆಯುವ ಕೇಸು ಎಂದರೆ ಮರುಲೇಪ ಆಗಿದೆ ಎಂದು ತಿಳಿಯಿರಿ. ಲೇಪಕ್ಕೆ ಮೊದಲು ಉಜ್ಜಿದ್ದರಿಂದ ಬೆಲ್ಟು ಕೂರುವ ಕೊಂಬುಗಳ ಅಂಚು ಗುಂಡಗಾಗಿರುತ್ತದೆ. ನನ್ನ ಮಟ್ಟಿಗೆ, ಸವೆದ ಕೇಸು, ಮುಟ್ಟದ ಡಯಲ್ ಇರುವ ವಾಚಿಗೆ ಕೊಡುವ ಹಣ ಎಂದೂ ನಷ್ಟವಲ್ಲ.

ಇನ್ನು ಮಷೀನು. ಮಾರುವವರು ಹಿಂಬದಿ ತೆಗೆದು ತೋರಿಸಲು ಒಪ್ಪದಿದ್ದರೆ ಆ ವ್ಯಾಪಾರ ಬಿಟ್ಟುಬಿಡಿ. ತೆಗೆದಾಗ ಮೊದಲು ಸ್ಕ್ರೂಗಳ ತಲೆ ನೋಡಿ. ಅದರ ಸೀಳಿನ ಅಂಚು ಕಿತ್ತುಹೋಗಿದ್ದರೆ ಅಳತೆಗೆ ಸರಿಯಲ್ಲದ ಸ್ಕ್ರೂಡ್ರೈವರ್ ಹಾಕಿ ಯಾರೋ ಅವಸರದಲ್ಲಿ ಕೈಯಾಡಿಸಿದ್ದಾರೆ. ಕೀಲಿಯ ಕಡ್ಡಿ ಒಳಗೆ ಹೋಗುವ ಜಾಗದಲ್ಲಿ ಕಂದುಬಣ್ಣದ ತುಕ್ಕು ಇದೆಯೇ ನೋಡಿ, ನೀರು ಒಳಗೆ ಬರುವುದು ಅಲ್ಲಿಂದಲೇ. ಅತ್ತಿತ್ತ ತಿರುಗುತ್ತ ವೇಗ ಕಾಯುವ ಬ್ಯಾಲೆನ್ಸ್ ಚಕ್ರ ಮೇಲೆಕೆಳಗೆ ಓಲಾಡದೆ ಒಂದೇ ಮಟ್ಟದಲ್ಲಿ ತಿರುಗಬೇಕು. ಅದಕ್ಕೆ ಅಂಟಿದ ತೆಳು ಸುರುಳಿಯಾದ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗದೆ ಸಮ ಅಂತರದಲ್ಲಿ ತೆರೆದು ಮುಚ್ಚಬೇಕು.

ಆಮೇಲೆ ಕೀಲಿ ಕೊಡಿ. ಪ್ರತಿ ಹೆಜ್ಜೆಗೂ ಕಟಕಟ ಎಂಬುದು ಬೆರಳಿಗೆ ಒಂದೇ ಸಮ ತಿಳಿಯಬೇಕು, ಜಾರಬಾರದು. ಕೀಲಿಯನ್ನು ಹೊರಗೆಳೆದು ಮುಳ್ಳುಗಳನ್ನು ಪೂರ್ತಿ ಹನ್ನೆರಡು ಗಂಟೆ ತಿರುಗಿಸಿ, ಎಲ್ಲಿಯೂ ಒಂದಕ್ಕೊಂದು ಉಜ್ಜಬಾರದು. ಈ ಮಷೀನಿನಲ್ಲಿ ಸಾಮಾನ್ಯವಾಗಿ ಕೀಲಿ ಎಳೆದಾಗ ಸೆಕೆಂಡ್ ಮುಳ್ಳು ನಿಲ್ಲುವುದಿಲ್ಲ, ಅದು ದೋಷವಲ್ಲ. ಡಯಲ್ ಮೇಲೆ, ಡಯಲ್ ಕೆಳಗೆ, ಕೀಲಿ ಕೆಳಗೆ, ಹೀಗೆ ಮೂರು ಭಂಗಿಯಲ್ಲಿ ಐದೈದು ನಿಮಿಷ ಇಟ್ಟು ನೋಡಿ. ಮಲಗಿಸಿದಾಗ ಓಡಿ ನಿಲ್ಲಿಸಿದಾಗ ತಡೆಯುವ ವಾಚಿನಲ್ಲಿ ಒಣಗಿದ ಎಣ್ಣೆ ಇರುತ್ತದೆ, ಇಲ್ಲವೇ ಬ್ಯಾಲೆನ್ಸಿನ ಮೊನೆ ಸವೆದಿರುತ್ತದೆ. ಮೊದಲನೆಯದು ಸರ್ವಿಸಿಗೆ ಸರಿಹೋಗುತ್ತದೆ, ಎರಡನೆಯದಕ್ಕೆ ಇಡೀ ಬ್ಯಾಲೆನ್ಸ್ ಬದಲಿಸಬೇಕು.

ವಾಚಿನ ಬಡಿತ ಕೇಳಿ ಅಳೆಯುವ ಟೈಮ್‌ಗ್ರಾಫರ್ ಎಂಬ ಯಂತ್ರ ಇರುವ ರಿಪೇರಿಯವರಾದರೆ ಒಂದು ನಿಮಿಷದಲ್ಲಿ ಹೆಚ್ಚಿನದು ತಿಳಿಯುತ್ತದೆ. ಇದು ಗಂಟೆಗೆ 18,000 ಬಡಿತದ, ಅಂದರೆ ಸೆಕೆಂಡಿಗೆ ಐದು ಬಡಿತದ ಮಷೀನು. ಪೂರ್ತಿ ಕೀಲಿ ಕೊಟ್ಟು ಮಲಗಿಸಿದಾಗ ಬ್ಯಾಲೆನ್ಸ್ ನಡುವಿನಿಂದ ಒಂದು ಕಡೆಗೆ ತಿರುಗುವ ಅಳತೆ 250ರಿಂದ 300 ಡಿಗ್ರಿ ಇದ್ದರೆ ಆರೋಗ್ಯವಾಗಿದೆ. 200ಕ್ಕಿಂತ ಇಳಿದಿದ್ದರೆ ಸರ್ವಿಸ್ ಬಾಕಿ ಇದೆ. ಬೀಟ್ ಎರರ್, ಅಂದರೆ ಟಿಕ್ಕಿಗೂ ಟಾಕಿಗೂ ಇರುವ ಸಮಯದ ವ್ಯತ್ಯಾಸ, ಒಂದು ಮಿಲಿಸೆಕೆಂಡಿನೊಳಗಿರಲಿ. ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆಗುವುದು ಇಷ್ಟು ವಯಸ್ಸಾದ ವಾಚಿಗೆ ಗೌರವದ ಸಂಗತಿಯೇ. ಅದನ್ನು ಐದು ಸೆಕೆಂಡಿಗೆ ಇಳಿಸಿಕೊಡಿ ಎಂದು ಪಟ್ಟು ಹಿಡಿಯಬೇಡಿ.

ಸರ್ವಿಸ್ ಎಂದರೆ ಏನು ಎಂಬುದನ್ನು ಗಿರಾಕಿಗಳು ತಿಳಿದಿರಬೇಕು, ಏಕೆಂದರೆ ಹಣ ಹೆಚ್ಚಾಗಿ ದಂಡವಾಗುವುದು ಇಲ್ಲಿಯೇ. ಹಿಂಬದಿ ತೆಗೆದು, ಮೇಲಿನಿಂದ ಪೆಟ್ರೋಲ್ ಹನಿಸಿ, ಒಂದು ತೊಟ್ಟು ಎಣ್ಣೆ ಬಿಟ್ಟು ಮುಚ್ಚಿದರೆ ಅದು ಸರ್ವಿಸ್ ಅಲ್ಲ. ಹಳೆಯ ಅಂಟು ಕರಗಿ ತೂತಿನೊಳಗೆ ಇನ್ನೂ ಆಳಕ್ಕೆ ಇಳಿಯುತ್ತದೆ, ವಾಚು ಕೆಲವು ವಾರ ಚೆನ್ನಾಗಿ ಓಡಿ ಮತ್ತೆ ನಿಲ್ಲುತ್ತದೆ. ಸರಿಯಾದ ಕೆಲಸದಲ್ಲಿ ಮಷೀನು ಪೂರ್ತಿ ಬಿಚ್ಚಬೇಕು. ಮೊದಲು ಕೀಲಿಯ ಶಕ್ತಿ ಹಿಡಿದಿಡುವ ಮೇನ್‌ಸ್ಪ್ರಿಂಗಿನ ಬಿಗಿ ಇಳಿಸುವುದು. ಕೀಲಿಯನ್ನು ಎರಡು ಬೆರಳಲ್ಲಿ ಹಿಡಿದು, ತಡೆಹಲ್ಲನ್ನು ಸರಿಸಿ, ಬೆರಳ ನಡುವೆ ನಿಧಾನವಾಗಿ ಜಾರಲು ಬಿಡಬೇಕು. ಬಿಗಿ ಇಳಿಸದೆ, ಚಕ್ರಗಳನ್ನು ತಡೆದು ತಡೆದು ಬಿಡುವ ಕವೆಯಾದ ಪ್ಯಾಲೆಟ್ ತೆಗೆದರೆ ಚಕ್ರಗಳು ಒಮ್ಮೆಲೇ ಗಿರ್ರನೆ ತಿರುಗಿ ಮೊನೆ ಮುರಿಯುತ್ತವೆ. ಆಮೇಲೆ ಮುಳ್ಳು, ಡಯಲ್, ಬ್ಯಾಲೆನ್ಸ್, ಪ್ಯಾಲೆಟ್, ಚಕ್ರಗಳು, ಮೇನ್‌ಸ್ಪ್ರಿಂಗ್ ಇರುವ ಡಬ್ಬಿಯಾದ ಬ್ಯಾರಲ್.

ತೊಳೆಯುವಾಗ ಒಂದು ಎಚ್ಚರ. ಪ್ಯಾಲೆಟ್ಟಿನ ಕೆಂಪು ಕಲ್ಲುಗಳನ್ನೂ ಬ್ಯಾಲೆನ್ಸಿನ ಚಿಕ್ಕ ಕಲ್ಲನ್ನೂ ಅರಗಿನಿಂದ ಕೂರಿಸಿರುತ್ತಾರೆ. ಸ್ಪಿರಿಟ್ಟಿನಲ್ಲಿ ನೆನೆಹಾಕಿದರೆ ಅರಗು ಕರಗಿ ಕಲ್ಲು ಸರಿಯುತ್ತದೆ. ಅಂದಹಾಗೆ, ಡಯಲ್ ಮೇಲೆ ಬರೆದ 17 ಕಲ್ಲುಗಳ ಸಾಮಾನ್ಯ ಹಂಚಿಕೆ ಹೀಗಿರುತ್ತದೆ: ಬ್ಯಾಲೆನ್ಸಿನ ಎರಡು ತುದಿಗೆ ನಾಲ್ಕು, ಅದರ ತಳ್ಳುಕಲ್ಲು ಒಂದು, ಪ್ಯಾಲೆಟ್ಟಿನ ತೋಳುಗಳಲ್ಲಿ ಎರಡು, ಅದರ ಮೊನೆಗಳಿಗೆ ಎರಡು, ಉಳಿದ ನಾಲ್ಕು ಚಕ್ರಗಳಿಗೆ ಎರಡೆರಡರಂತೆ ಎಂಟು. ಉಜ್ಜಾಟ ಹೆಚ್ಚಿರುವ ಜಾಗದಲ್ಲಿ ಲೋಹದ ಬದಲು ಕೃತಕ ಮಾಣಿಕ್ಯ ಇಟ್ಟಿದ್ದಾರೆ. ಹರಳಿನ ಬೆಲೆ ಏನೂ ಅಲ್ಲ, ಅದು ಸವೆಯುವುದಿಲ್ಲ ಎಂಬುದೇ ಮುಖ್ಯ.

ಎಣ್ಣೆ ಹಾಕುವುದರಲ್ಲಿ ಕೈಚಳಕ ಕಾಣುವುದು ಪ್ಯಾರಾಶಾಕ್ ಜಾಗದಲ್ಲಿ. ವಾಚು ಬಿದ್ದಾಗ ಬ್ಯಾಲೆನ್ಸಿನ ಕೂದಲೆಳೆಯಂಥ ಮೊನೆ ಮುರಿಯದಿರಲೆಂದು, ಅದು ಕೂರುವ ಕಲ್ಲುಗಳನ್ನು ಸಣ್ಣ ಸ್ಪ್ರಿಂಗೊಂದು ಹಿಡಿದಿಟ್ಟಿರುತ್ತದೆ. ಆ ಸ್ಪ್ರಿಂಗ್ ಸಡಿಲಿಸುವಾಗ ಒಂದು ಕೈಯಲ್ಲಿ ಮರದ ಕಡ್ಡಿಯಿಂದ ಒತ್ತಿಹಿಡಿಯದಿದ್ದರೆ ಹಾರಿಹೋಗುತ್ತದೆ, ಹುಡುಕಿದರೂ ಸಿಗುವುದಿಲ್ಲ. ಮೇಲಿನ ಚಪ್ಪಟೆ ಕಲ್ಲನ್ನು ತೆಗೆದು, ಒರೆಸಿ, ಅದರ ಮಧ್ಯಕ್ಕೆ ಮೋಬಿಯಸ್ 9010ರಂಥ ತೆಳು ಎಣ್ಣೆಯ ಒಂದು ಚುಕ್ಕಿ ಇಡಬೇಕು. ಚುಕ್ಕಿಯ ಅಗಲ ಕಲ್ಲಿನ ಅಗಲದ ಅರ್ಧ ದಾಟಿ ಮುಕ್ಕಾಲಿನೊಳಗೆ ಇರಬೇಕು. ತೂತಿನ ಕಲ್ಲಿನ ಮೇಲೆ ಕೂರಿಸಿದಾಗ ಎಣ್ಣೆ ಎರಡರ ನಡುವೆ ದುಂಡಗೆ ನಿಂತು, ಅದರ ಅಂಚು ಲೂಪಿನಲ್ಲಿ ಉಂಗುರದಂತೆ ಕಾಣುತ್ತದೆ. ಕಡಿಮೆಯಾದರೆ ಬೇಗ ಒಣಗುತ್ತದೆ. ಹೆಚ್ಚಾದರೆ ಮೊನೆಯ ಗುಂಟ ಹರಿದು ಹೇರ್‌ಸ್ಪ್ರಿಂಗಿಗೆ ತಾಗುತ್ತದೆ, ಸುತ್ತುಗಳು ಅಂಟಿಕೊಳ್ಳುತ್ತವೆ. ನಿಧಾನವಾಗಿ ತಿರುಗುವ ದೊಡ್ಡ ಚಕ್ರಗಳಿಗೆ ಮಂದ ಎಣ್ಣೆ, ಪ್ಯಾಲೆಟ್ಟಿನ ಕಲ್ಲುಗಳ ಮುಖಕ್ಕೆ 9415ರಂಥ ಗ್ರೀಸು. ಪ್ಯಾಲೆಟ್ಟಿನ ಮೊನೆಗಳಿಗೆ ಮಾತ್ರ ಎಣ್ಣೆ ಹಾಕುವುದಿಲ್ಲ, ಅಷ್ಟು ಹಗುರವಾದ ಭಾಗಕ್ಕೆ ಎಣ್ಣೆಯ ಎಳೆತವೇ ಭಾರ. ಎಲ್ಲಕ್ಕೂ ಒಂದೇ ಶೀಶೆಯ ಎಣ್ಣೆ ಬಳಸುವವರ ಕೈಗೆ ವಾಚು ಕೊಡಬೇಡಿ. ಇಂಥ ಸರ್ವಿಸ್ ಆದರೆ ನಾಲ್ಕೈದು ವರ್ಷ ನಿಶ್ಚಿಂತೆ.

ಮನೆಯಲ್ಲೇ ಗುರುತಿಸಬಹುದಾದ ತೊಂದರೆಗಳೂ ಇವೆ. ಸೆಕೆಂಡ್ ಮುಳ್ಳು ಚೆನ್ನಾಗಿ ಓಡುತ್ತಿದೆ, ಗಂಟೆ ನಿಮಿಷದ ಮುಳ್ಳು ಮಾತ್ರ ಹಿಂದೆ ಬೀಳುತ್ತಿವೆ ಎಂದರೆ ಮಷೀನಿನ ತಪ್ಪಲ್ಲ. ಡಯಲ್ ಅಡಿಯ ಕ್ಯಾನನ್ ಪಿನಿಯನ್ ಎಂಬ ಕೊಳವೆ ಸಡಿಲಾಗಿದೆ, ಬಿಗಿ ಮಾಡಿಸಿದರೆ ಮುಗಿಯಿತು. ನಿನ್ನೆವರೆಗೆ ಸರಿಯಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಐದು, ಹತ್ತು ನಿಮಿಷ ಮುಂದೆ ಓಡತೊಡಗಿದರೆ ಅಯಸ್ಕಾಂತದ ಪ್ರಭಾವ. ವಾಚನ್ನು ಸಣ್ಣ ದಿಕ್ಸೂಚಿಯ ಪಕ್ಕ ತನ್ನಿ, ಸೂಜಿ ಬಡಿತಕ್ಕೆ ಸರಿಯಾಗಿ ನಡುಗಿದರೆ ಅನುಮಾನ ನಿಜ. ಡಿಮ್ಯಾಗ್ನೆಟೈಸರ್ ಮೇಲೆ ಕೆಲವೇ ಸೆಕೆಂಡಿನ ಕೆಲಸ. ಸ್ಪೀಕರ್, ಅಯಸ್ಕಾಂತದ ಗುಂಡಿಯಿರುವ ಮೊಬೈಲ್ ಕವರ್, ಬ್ಯಾಗುಗಳ ಹತ್ತಿರ ಇಡುವುದನ್ನು ಬಿಡಬೇಕು.

‘ಹೆಚ್ಚು ಕೀಲಿ ಕೊಟ್ಟು ವಾಚು ಬಿಗಿದುಕೊಂಡಿದೆ’ ಎನ್ನುವವರು ಬಹಳ. ಕೀಲಿ ಪೂರ್ತಿ ತುಂಬಿಯೂ ವಾಚು ಓಡದಿದ್ದರೆ ಶಕ್ತಿ ಬಂದಿದೆ, ಅದು ಬ್ಯಾಲೆನ್ಸಿಗೆ ತಲುಪುವ ದಾರಿಯಲ್ಲಿ ಕೊಳೆ ಅಡ್ಡಬಂದಿದೆ ಎಂದರ್ಥ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ, ವಾಚನ್ನು ಕೈಯಿಂದ ಬಿಚ್ಚಿ ಕೀಲಿ ಕೊಡಿ. ಕಟ್ಟಿಕೊಂಡೇ ತಿರುಗಿಸಿದರೆ ಕಡ್ಡಿ ಓರೆಯಾಗಿ ತಿರುಗಿ ಅದರ ದಾರಿ ಅಗಲವಾಗುತ್ತದೆ, ಧೂಳಿಗೆ ಬಾಗಿಲು ತೆರೆದಂತೆ. ಗಟ್ಟಿಯಾಗಿ ನಿಲ್ಲುವ ಬಿಂದು ಬೆರಳಿಗೆ ತಿಳಿಯುತ್ತದೆ, ಅಲ್ಲಿಗೆ ನಿಲ್ಲಿಸಿ. ಬೆಲ್ಟು ಕೊಳ್ಳುವಾಗ ಕೊಂಬುಗಳ ನಡುವಿನ ಅಗಲ ಅಳೆದು ಕೊಳ್ಳಿ, ಸಾಮಾನ್ಯವಾಗಿ 18 ಮಿಲಿಮೀಟರ್. ಗ್ಲಾಸು ಅಕ್ರಿಲಿಕ್ ಆದ್ದರಿಂದ ಮೇಲುಮೇಲಿನ ಗೀರುಗಳನ್ನು ಪಾಲಿಶಿನಲ್ಲಿ ಉಜ್ಜಿ ತೆಗೆಯಬಹುದು. ಉಗುರಿಗೆ ಸಿಗುವಷ್ಟು ಆಳದ ಗೀರಿದ್ದರೆ ಗ್ಲಾಸು ಬದಲಿಸುವುದೇ ಸರಿ.

ಮುಳ್ಳು, ಅಂಕಿಗಳ ಮೇಲೆ ರಾತ್ರಿ ಹೊಳೆಯುವ ಲೇಪವಿರುವ ಬಹು ಹಳೆಯ ವಾಚು ಯಾವ ಕಂಪನಿಯದೇ ಸಿಕ್ಕಲಿ, ಅದನ್ನು ಕೆರೆದು ನೋಡಬೇಡಿ. ಆ ಕಾಲದ ಕೆಲವು ಲೇಪಗಳು ವಿಕಿರಣ ಸೂಸುವಂಥವು, ಪುಡಿ ಉಸಿರಿಗೆ ಹೋಗಬಾರದು.

ಕರಾವಳಿಯವರಿಗೂ ಮಲೆನಾಡಿನವರಿಗೂ ಮಳೆಗಾಲದ ಮಾತು ಬೇರೆಯಾಗಿಯೇ ಹೇಳಬೇಕು. ಈ ವಾಚುಗಳ ಕೀಲಿಯಲ್ಲಿದ್ದ ರಬ್ಬರು ಎಷ್ಟೋ ಹಿಂದೆ ಗಟ್ಟಿಯಾಗಿ ಹೋಗಿದೆ, ನೀರು ತಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟದಿರುವುದೇ ಒಳ್ಳೆಯದು. ಬೆಲ್ಟು ಬಿಚ್ಚಿ ಬೇರೆ ಇಡಿ, ತೊಗಲು ತೇವ ಹೀರಿ ಬೂಷ್ಟು ಹಿಡಿಯುತ್ತದೆ, ಅದು ಡಯಲ್‌ಗೂ ದಾಟುತ್ತದೆ. ವಾಚನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು, ವಾರಕ್ಕೊಮ್ಮೆ ತೆಗೆದು ಕೀಲಿ ಕೊಟ್ಟು ಓಡಿಸಿ. ಗ್ಲಾಸಿನ ಒಳಗೆ ಮಂಜು ಕಂಡರೆ ಅಕ್ಕಿಯಲ್ಲಿ ಹೂತಿಡುವುದು, ಒಲೆಯ ಹತ್ತಿರ ಕಾಯಿಸುವುದು ಬೇಡ. ಕಾಯಿಸಿದರೆ ಒಳಗಿನ ನೀರು ಆವಿಯಾಗಿ ಇಡೀ ಮಷೀನಿಗೆ ಹರಡುತ್ತದೆ. ಅದೇ ದಿನ ರಿಪೇರಿಯವರಲ್ಲಿ ಹಿಂಬದಿ ತೆಗೆಸಿ ಒಣಗಿಸಬೇಕು. ಸ್ಟೀಲಿನ ಸಣ್ಣ ಭಾಗಗಳಿಗೆ ತುಕ್ಕು ಹಿಡಿಯಲು ಎರಡು ದಿನ ಸಾಕು, ತುಕ್ಕು ಹಿಡಿದ ಮೇಲೆ ಬೇರೊಂದು ವಾಚಿನಿಂದ ಭಾಗ ತೆಗೆದು ಹಾಕುವುದೊಂದೇ ದಾರಿ.